ಮಂಡ್ಯದ ಗಂಡು ಊರಿಗೆ ಬಂದ ರಾತ್ರಿ

ಅಂಬರೀಶ್ ಅವರ ಪೂರ್ತಿ ಹೆಸರು ಮಳವಳ್ಳಿ ಹುಚ್ಚೇಗೌಡ ಅಮರನಾಥ್. ಹುಟ್ಟಿದ್ದು 1952ರ ಮೇ 29ರಂದು, ಮದ್ದೂರು ತಾಲೂಕಿನ ದೊಡ್ಡರಸಿನಕೆರೆಯಲ್ಲಿ. ಪಿಟೀಲು ಚೌಡಯ್ಯನವರ ಮೊಮ್ಮಗ. ಹೆಸರಿನ ಮೊದಲನೇ ಪದವೇ ನಮ್ಮೂರು. ಹಾಗಾಗಿ ಮಳವಳ್ಳಿಯವರಿಗೆ ಅವರ ಬಗ್ಗೆ ಮಾತಾಡೋಕೆ ಒಂಚೂರು ಜಾಸ್ತಿ ಹಕ್ಕಿದೆ ಅಂತ ನನ್ನ ಅನಿಸಿಕೆ. ಮದ್ದೂರಿನವರು ಇದನ್ನ ಒಪ್ಪಲ್ಲ, ಮಂಡ್ಯದವರಂತೂ ಒಪ್ಪೋದೇ ಇಲ್ಲ, ಅದು ಬೇರೆ ವಿಷಯ :)

ಅವರ ಸಿನಿಮಾಗಳ ಬಗ್ಗೆ ಬರೆಯೋರು ಬೇಕಾದಷ್ಟು ಜನ ಇದ್ದಾರೆ. ನಾನು ಬರೆಯಬೇಕು ಅಂದ್ಕೊಂಡಿದ್ದು 2018ರ ನವೆಂಬರ್ 24ರಿಂದ 26ರವರೆಗಿನ ಮೂರು ದಿನಗಳ ಬಗ್ಗೆ. ಒಬ್ಬ ನಟ ಸತ್ತಾಗ ಸಾವಿರಾರು ಜನ ಅಳ್ತಾರೆ ಅನ್ನೋದು ನಮಗೇನೂ ಹೊಸದಲ್ಲ. ಆದರೆ ಆ ಅಳುವನ್ನ ಒಂದು ನಾಡು ಹೇಗೆ ನಿಭಾಯಿಸುತ್ತೆ? ಅದಕ್ಕೂ ಒಂದು ಇತಿಹಾಸ ಇದೆ ನೋಡಿ.

ಆ ಇತಿಹಾಸ ಶುರುವಾಗೋದು 2006ರಿಂದ. ಆ ವರ್ಷದ ಏಪ್ರಿಲ್ 12, ಬುಧವಾರ, ಡಾ. ರಾಜ್‌ಕುಮಾರ್ ಸದಾಶಿವನಗರದ ತಮ್ಮ ಮನೆಯಲ್ಲಿ ತೀರಿಕೊಂಡರು. ನಾನಾಗ ಪ್ರೈಮರಿ ಸ್ಕೂಲು. ಕೆಲವೇ ಗಂಟೆಗಳಲ್ಲಿ ಬೆಂಗಳೂರು ಕೈತಪ್ಪಿತು. ದೇಹ ಎಲ್ಲಿಡ್ತಾರೆ, ಯಾವಾಗ ನೋಡಬಹುದು, ಎಷ್ಟು ಹೊತ್ತು ಇಡ್ತಾರೆ ಅನ್ನೋದು ಜನಕ್ಕೆ ಸರಿಯಾಗಿ ಗೊತ್ತಾಗಲೇ ಇಲ್ಲ. ಕಲ್ಲು, ಬೆಂಕಿ, ಲಾಠಿ, ಗೋಲಿಬಾರ್... ಮರುದಿನ ಕಂಠೀರವ ಸ್ಟುಡಿಯೋದಲ್ಲಿ ಅಂತ್ಯಸಂಸ್ಕಾರ ಮುಗಿಯುವ ಹೊತ್ತಿಗೆ ಒಬ್ಬ ಪೊಲೀಸ್ ಸಿಬ್ಬಂದಿಯೂ ಸೇರಿದಂತೆ ಹಲವರು ಪ್ರಾಣ ಕಳೆದುಕೊಂಡಿದ್ದರು. ಐಟಿ ಕಂಪನಿಗಳು ಬಾಗಿಲು ಹಾಕಿದವು. ಹೊರಗಿನವರು ಆ ಎರಡು ದಿನವನ್ನ ನೆನಪಿಟ್ಟುಕೊಂಡಿರೋದು ಗಲಭೆ ಅಂತಲೇ. ಅಳೋಕೆ ಬಂದು ಮುಖ ನೋಡಲಾಗದೆ ವಾಪಸ್ ಹೋದವರ ಲೆಕ್ಕ ಯಾರೂ ಇಟ್ಟಿಲ್ಲ.

ಕಲ್ಲು ಹೊಡೆದದ್ದು ಸರಿ ಅಂತ ಖಂಡಿತ ಹೇಳ್ತಿಲ್ಲ. ಆದರೆ ನಮ್ಮ ಕಡೆ ಸಾವಿಗೆ ಹೋಗೋದು ಅಂದ್ರೆ ಮುಖ ನೋಡೋದು. ಊಟ ಬಿಟ್ಟು, ಕೆಲಸ ಬಿಟ್ಟು, ಸಿಕ್ಕ ಬಸ್ ಹತ್ತಿ ಹೋಗೋದು ಅದಕ್ಕೇ. ಒಂದು ಹೂವು ಹಾಕಿ ಕೈ ಮುಗಿದರೆ ಮುಗೀತು, ಮನಸ್ಸು ಹಗುರ ಆಗುತ್ತೆ. ಆ ಒಂದು ಕ್ಷಣ ಸಿಗದಿದ್ದರೆ ದುಃಖ ಸಿಟ್ಟಾಗೋಕೆ ಜಾಸ್ತಿ ಹೊತ್ತು ಬೇಡ.

ಈಗ 2018ಕ್ಕೆ ಬನ್ನಿ. ನವೆಂಬರ್ 24, ಶನಿವಾರ ರಾತ್ರಿ ಬೆಂಗಳೂರಿನ ಆಸ್ಪತ್ರೆಯಲ್ಲಿ ಹೃದಯಾಘಾತದಿಂದ ಅಂಬರೀಶ್ ತೀರಿಕೊಂಡರು. ವಯಸ್ಸು 66. ಭಾನುವಾರ ಬೆಳಿಗ್ಗೆ ಕಂಠೀರವ ಸ್ಟೇಡಿಯಂನಲ್ಲಿ ದರ್ಶನಕ್ಕೆ ವ್ಯವಸ್ಥೆ ಆಯ್ತು. ಅಷ್ಟರಲ್ಲಿ ಮಂಡ್ಯದಲ್ಲಿ ಒಂದೇ ಕೂಗು: 'ಅಣ್ಣನ್ನ ಇಲ್ಲಿಗೆ ಕರ್ಕೊಂಡ್ ಬನ್ನಿ'. ಸುಮಾರು 100 ಕಿಲೋಮೀಟರ್ ದಾರಿ. ರಸ್ತೆಯಲ್ಲಿ ತಂದಿದ್ದರೆ ಬಿಡದಿ, ರಾಮನಗರ, ಚನ್ನಪಟ್ಟಣ, ಮದ್ದೂರು ಅಂತ ಪ್ರತಿ ಊರಲ್ಲೂ ಜನ ಗಾಡಿ ನಿಲ್ಲಿಸೋರು. ಕೊನೆಗೆ ರಕ್ಷಣಾ ಇಲಾಖೆಯ ಹೆಲಿಕಾಪ್ಟರ್ ಬಂತು. ಅಂದು ಸಂಜೆಯಿಂದ ರಾತ್ರಿಯಿಡೀ ಮಂಡ್ಯದ ಸರ್ ಎಂ. ವಿಶ್ವೇಶ್ವರಯ್ಯ ಕ್ರೀಡಾಂಗಣದಲ್ಲಿ ಜನ ಸಾಲು ಹಿಡಿದು ಬಂದರು. ಮಳವಳ್ಳಿ, ಮದ್ದೂರು, ನಾಗಮಂಗಲ, ಪಾಂಡವಪುರ... ಜಿಲ್ಲೆಗೆ ಜಿಲ್ಲೆಯೇ ಅಲ್ಲಿತ್ತು. ಸೋಮವಾರ ಬೆಳಿಗ್ಗೆ ವಾಪಸ್ ಹೊರಡುವ ಮುಂಚೆ ಸುಮಲತಾ ಅವರು ಮಂಡ್ಯದ ಮಣ್ಣನ್ನ ಗಂಡನ ಹಣೆಗೆ ಹಚ್ಚಿದರು. ಅಂದೇ ಸಂಜೆ ಕಂಠೀರವ ಸ್ಟುಡಿಯೋದಲ್ಲಿ ಸರ್ಕಾರಿ ಗೌರವದೊಂದಿಗೆ ಅಂತ್ಯಕ್ರಿಯೆ ನಡೆಯಿತು. 2006ರಂಥದ್ದು ಏನೂ ಆಗಲಿಲ್ಲ.

ಗಮನಿಸಬೇಕಾದ ಒಂದು ಅಂಶ ಇದೆ. 2006ರಲ್ಲೂ 2018ರಲ್ಲೂ ಮುಖ್ಯಮಂತ್ರಿ ಒಬ್ಬರೇ, ಎಚ್.ಡಿ. ಕುಮಾರಸ್ವಾಮಿ. ಜನಾನೂ ಹೆಚ್ಚು ಕಡಿಮೆ ಅದೇ ಜನ. ಬದಲಾಗಿದ್ದು ವ್ಯವಸ್ಥೆ. ಎಲ್ಲಿ, ಯಾವಾಗ, ಎಷ್ಟು ಹೊತ್ತು ಅನ್ನೋದು ಮೊದಲೇ ಗೊತ್ತಿತ್ತು, ನಿಂತರೆ ಸರದಿ ಬಂದೇ ಬರುತ್ತೆ ಅನ್ನೋ ನಂಬಿಕೆ ಇತ್ತು. 2021ರ ಅಕ್ಟೋಬರ್ 29ರಂದು ಪುನೀತ್ ಹೋದಾಗಲೂ ಇದೇ ಪಾಠ ನೆರವಿಗೆ ಬಂತು. ಆಗಿನ್ನೂ 46 ವರ್ಷ, ಆಘಾತ ಇನ್ನೂ ದೊಡ್ಡದು. 31ರ ಮುಂಜಾನೆ ಮಣ್ಣು ಮಾಡುವವರೆಗೂ ಕಂಠೀರವ ಸ್ಟೇಡಿಯಂನಲ್ಲಿ ಜನಕ್ಕೆ ಮುಖ ನೋಡೋಕೆ ಸಮಯ ಸಿಕ್ಕಿತು.

ಇಷ್ಟಕ್ಕೂ ಅಂಬರೀಶ್‌ಗೆ ಯಾಕೆ ಅಷ್ಟು ಜನ? 1972ರ 'ನಾಗರಹಾವು' ಚಿತ್ರದ ಜಲೀಲನಿಂದ ಶುರುವಾಗಿ ಇನ್ನೂರಕ್ಕೂ ಹೆಚ್ಚು ಸಿನಿಮಾ ಮಾಡಿದರು ಅನ್ನೋದು ಅರ್ಧ ಉತ್ತರ. ಇನ್ನರ್ಧ, ಅವರು ಚಿತ್ರರಂಗದ ಯಜಮಾನ ಆಗಿದ್ದರು ಅನ್ನೋದು. ಕಲಾವಿದರ ಸಂಘದ ಅಧ್ಯಕ್ಷರು. ನಿರ್ಮಾಪಕರಿಗೂ ನಟರಿಗೂ ಜಗಳವಾದರೆ ಪಂಚಾಯ್ತಿ ಅವರ ಮುಂದೆ. 2018ರ ಅಕ್ಟೋಬರಿನಲ್ಲಿ ಮೀಟೂ ಆರೋಪವೊಂದು ಬಂದಾಗಲೂ ವಾಣಿಜ್ಯ ಮಂಡಳಿಯಲ್ಲಿ ಸಂಧಾನಕ್ಕೆ ಕೂತವರು ಅವರೇ. ಅದು ಬಗೆಹರಿಯಲಿಲ್ಲ, ದೊಡ್ಡಣ್ಣನ ಪಂಚಾಯ್ತಿಯಲ್ಲಿ ಬಗೆಹರಿಯುವಂಥ ವಿಷಯ ಅದಲ್ಲ ಅಂತಲೇ ನನ್ನ ಅಭಿಪ್ರಾಯ. ರಾಜಕೀಯದಲ್ಲೂ ಅಷ್ಟೇ, ಜನ ಕಣ್ಣು ಮುಚ್ಚಿ ಬೆನ್ನಿಗೆ ನಿಂತಿರಲಿಲ್ಲ. 1998, 1999, 2004ರಲ್ಲಿ ಲೋಕಸಭೆಗೆ ಕಳಿಸಿದ ಮಂಡ್ಯ 2009ರಲ್ಲಿ ಸೋಲಿಸಿತು. ಕಾವೇರಿ ನ್ಯಾಯಮಂಡಳಿ ತೀರ್ಪಿನ ವಿರುದ್ಧ 2007ರಲ್ಲಿ ಕೇಂದ್ರ ಮಂತ್ರಿ ಸ್ಥಾನಕ್ಕೆ ರಾಜೀನಾಮೆ ಕೊಟ್ಟಿದ್ದೂ ಆಗ ಕೈ ಹಿಡಿಯಲಿಲ್ಲ. ಬೈಗುಳ ಬಾಯಲ್ಲೇ ಇರೋದು, ಬೈಸಿಕೊಂಡವನು ಅದನ್ನ ಹೆಮ್ಮೆಯಿಂದ ಹೇಳಿಕೊಂಡು ತಿರುಗೋನು. ಅಂದ್ರೆ ಜನ ಸೋಲಿಸಿದ್ದು ರಾಜಕಾರಣಿಯನ್ನ, ಅತ್ತಿದ್ದು ಮನೆಯ ಹಿರಿಯನಿಗೆ.

ಒಂದು ಇಂಡಸ್ಟ್ರಿಯ ಯಜಮಾನನಿಗಾಗಿ ಗಿರಾಕಿಗಳು ಅಳೋದು ಅಪರೂಪ. ನನ್ನ ವೃತ್ತಿಗೆ ಹತ್ತಿರದ ಒಂದು ಉದಾಹರಣೆ ಹೇಳ್ತೀನಿ. ಜಪಾನಿನ ನಿಂಟೆಂಡೋ ಕಂಪನಿಯ ಅಧ್ಯಕ್ಷ ಸತೋರು ಇವಾಟಾ 2015ರ ಜುಲೈ 11ರಂದು 55ನೇ ವಯಸ್ಸಿಗೆ ತೀರಿಕೊಂಡರು. ಮೂಲತಃ ಪ್ರೋಗ್ರಾಮರ್, ನಮ್ಮ ಹಾಗೆ ಕೋಡ್ ಬರೆದು ಮೇಲೆ ಬಂದವರು. 2014ರಲ್ಲಿ ವೀ ಯೂ ಸರಿಯಾಗಿ ಮಾರಾಟವಾಗದೆ ಕಂಪನಿ ಕಷ್ಟದಲ್ಲಿದ್ದಾಗ ತಮ್ಮ ಸಂಬಳವನ್ನೇ ಅರ್ಧಕ್ಕೆ ಇಳಿಸಿಕೊಂಡಿದ್ದರು. ಸುದ್ದಿ ಕೇಳಿದ ಅಭಿಮಾನಿಗಳು ನ್ಯೂಯಾರ್ಕಿನ ನಿಂಟೆಂಡೋ ಅಂಗಡಿ ಮುಂದೆ ಹೂವು, ಚೀಟಿ ಇಟ್ಟು ಹೋದರು. ಎಲ್ಲೆಲ್ಲಿಯೋ ಕೂತವರು ಚಿತ್ರ ಬರೆದರು. ಅಷ್ಟು ದೂರದಿಂದ ಮುಖ ನೋಡೋ ಅವಕಾಶ ಅವರಿಗಿರಲಿಲ್ಲ. ಆದರೂ ಹೂವು ಇಡೋಕೆ ಒಂದು ಜಾಗ ಬೇಕಾಯ್ತು. ಮಂಡ್ಯದ ಕ್ರೀಡಾಂಗಣಕ್ಕೆ ಹೋದವರಿಗೂ ಬೇಕಾಗಿದ್ದು ಅಷ್ಟೇ.

ದೇಹ ಮಂಡ್ಯಕ್ಕೆ ತಂದ ಶ್ರೇಯಸ್ಸು ಯಾರದು ಅನ್ನೋದು 2019ರ ಚುನಾವಣೆಯಲ್ಲಿ ಭಾಷಣದ ಸರಕಾಯ್ತು. ಪಕ್ಷೇತರರಾಗಿ ನಿಂತ ಸುಮಲತಾ ಮುಖ್ಯಮಂತ್ರಿಯ ಮಗನ ವಿರುದ್ಧ 1.25 ಲಕ್ಷಕ್ಕೂ ಹೆಚ್ಚು ಮತಗಳಿಂದ ಗೆದ್ದರು. ಅದನ್ನ ರಾಜಕೀಯ ಪಂಡಿತರಿಗೆ ಬಿಡೋಣ. ನನ್ನ ತಲೆಯಲ್ಲಿ ಉಳಿದಿರೋದು ಇನ್ನೊಂದು ವಿಷಯ.

ಅದೇ ಶನಿವಾರ, ನವೆಂಬರ್ 24ರ ಮಧ್ಯಾಹ್ನ, ಪಾಂಡವಪುರ ತಾಲೂಕಿನ ಕನಗನಮರಡಿ ಹತ್ತಿರ ಖಾಸಗಿ ಬಸ್ಸೊಂದು ವಿಶ್ವೇಶ್ವರಯ್ಯ ನಾಲೆಗೆ ಉರುಳಿ 30 ಜನ ಸತ್ತಿದ್ದರು. ಅವರಲ್ಲಿ ಶಾಲೆ ಮುಗಿಸಿ ಮನೆಗೆ ಹೊರಟ ಮಕ್ಕಳೂ ಇದ್ದರು. ಮಧ್ಯಾಹ್ನದಿಂದ ಟಿವಿಯಲ್ಲಿ ಅದೇ ಸುದ್ದಿ. ರಾತ್ರಿ ಅಂಬರೀಶ್ ಸುದ್ದಿ ಬಂತು, ಬೆಳಗಾಗುವಷ್ಟರಲ್ಲಿ ನಾಲೆಯ ಸುದ್ದಿ ಹಿಂದಕ್ಕೆ ಸರಿದಿತ್ತು. ಇದರಲ್ಲಿ ಅಭಿಮಾನಿಗಳ ತಪ್ಪಿಲ್ಲ, ಅಂಬರೀಶ್‌ದಂತೂ ಇಲ್ಲವೇ ಇಲ್ಲ. ಆದರೆ ಒಂದು ಲೆಕ್ಕ ನೋಡಿ. ಜನ ಪಟ್ಟು ಹಿಡಿದು ಕೇಳಿದ್ದಕ್ಕೆ ಒಂದೇ ದಿನದಲ್ಲಿ ಹೆಲಿಕಾಪ್ಟರ್ ಬಂತು, ಕ್ರೀಡಾಂಗಣ ಸಿದ್ಧವಾಯ್ತು, ಜಿಲ್ಲೆಯ ಜನಕ್ಕೆಲ್ಲ ಸಾಲಾಯ್ತು. ಅದೇ ನಾಲೆಗೆ 2023ರಲ್ಲೂ ಕಾರುಗಳು ಬಿದ್ದು ಜನ ಸತ್ತರು. ತಡೆಗೋಡೆ ಕಟ್ಟಿ ಅನ್ನೋ ಕೂಗು ಆಗ ಮತ್ತೆ ಎದ್ದಿತು. ಐದು ವರ್ಷ ಆಗಿತ್ತು!

ನಮ್ಮ ದುಃಖಕ್ಕೆ ಶಕ್ತಿ ಇದೆ ಅಂತ 2018ರಲ್ಲಿ ಮಂಡ್ಯ ತೋರಿಸಿತು. ಕಲ್ಲು ಎತ್ತದೆ, ಸಾಲಲ್ಲಿ ನಿಂತೇ ತೋರಿಸಿತು. ಆ ಶಕ್ತಿ ಮೂವತ್ತು ಸಾಮಾನ್ಯರ ಹೆಸರಲ್ಲೂ ಒಮ್ಮೆ ಎದ್ದಿದ್ದರೆ ಅಂತ ನನ್ನ ಆಸೆ ಅಷ್ಟೇ.

ಪ್ರತಿ ನವೆಂಬರ್ 24 ಅಂಬಿಯಣ್ಣನ ಪುಣ್ಯಸ್ಮರಣೆ. ಅನ್ನದಾನ, ರಕ್ತದಾನ ಮಾಡುವ ಗೆಳೆಯರು ಇದನ್ನ ಓದಿದರೆ ಒಂದು ಕೋರಿಕೆ. ಬ್ಯಾನರ್ ಮೂಲೆಯಲ್ಲಿ ಕನಗನಮರಡಿಯ ಆ ಮೂವತ್ತು ಜನರಿಗೂ ಒಂದು ಸಾಲು ಜಾಗ ಕೊಡಿ. ಅಣ್ಣ ಇದ್ದಿದ್ದರೆ ಬೇಡ ಅಂತಿರಲಿಲ್ಲ. ಇಷ್ಟು ದಿನ ಯಾಕ್ರೋ ಹಾಕಿಲ್ಲ ಅಂತ ಬೈತಿದ್ದರು.