ಎರಡು ವರ್ಷ ಮಾರಾಟವಾಗದ ನೇಗಿಲು

ಪುಣೆಯಿಂದ ಮೀರಜ್ ಮೇಲೆ ಹಾಯ್ದು ಬೆಳಗಾವಿ, ಧಾರವಾಡ, ಹುಬ್ಬಳ್ಳಿ ಕಡೆ ಹೋಗುವ ನಮ್ಮವರೆಲ್ಲ ಕರಾಡ ಬಿಟ್ಟು ಸಾಂಗ್ಲಿ ಮುಟ್ಟುವ ಮೊದಲು ಕಿರ್ಲೋಸ್ಕರವಾಡಿ ಎಂಬ ನಿಲ್ದಾಣವನ್ನು ದಾಟಿರುತ್ತಾರೆ. ರಾತ್ರಿ ಗಾಡಿಯಾದರೆ ನಿದ್ದೆಯಲ್ಲೇ ದಾಟಿರುತ್ತಾರೆ. 1910ಕ್ಕೆ ಮೊದಲು ಆ ಹೆಸರಿನ ಊರೇ ಇರಲಿಲ್ಲ. ನಿಲ್ದಾಣಕ್ಕೆ ಕುಂಡಲ ರೋಡ್ ಎನ್ನುತ್ತಿದ್ದರು. ಸುತ್ತ ಇದ್ದದ್ದು ಕಳ್ಳಿಗಿಡ, ನಾಗರಹಾವು. ಅಲ್ಲಿ ಊರು ಕಟ್ಟಿದ ಲಕ್ಷ್ಮಣರಾವ್ ಕಾಶಿನಾಥ ಕಿರ್ಲೋಸ್ಕರರು ಹುಟ್ಟಿದ್ದು 1869ರ ಜೂನ್ 20ರಂದು, ನಮ್ಮ ಸವದತ್ತಿ ಸೀಮೆಯ ಗುರ್ಲಹೊಸೂರಿನಲ್ಲಿ. ಮರಾಠಿ ಸಂಗೀತ ನಾಟಕಕ್ಕೆ ಬುನಾದಿ ಹಾಕಿದ ಅಣ್ಣಾಸಾಹೇಬ ಕಿರ್ಲೋಸ್ಕರರೂ 1843ರಲ್ಲಿ ಅದೇ ಊರಿನಲ್ಲಿ ಹುಟ್ಟಿದವರು. ಮಲಪ್ರಭೆಯ ಬದಿಯ ಒಂದು ಸಣ್ಣ ಊರು ಮರಾಠಿ ನಾಡಿಗೆ ನಾಟಕವನ್ನೂ ಕೊಟ್ಟಿತು, ಕಾರ್ಖಾನೆಯನ್ನೂ ಕೊಟ್ಟಿತು. ಇವರು ನಮ್ಮವರೋ ಅವರವರೋ ಎಂಬ ಜಗಳಕ್ಕೆ ನಾನು ಹೋಗುವುದಿಲ್ಲ. ಪುಣೆಯಲ್ಲಿ ಇಪ್ಪತ್ತು ವರ್ಷ ಕಳೆದವನಿಗೆ ಆ ಜಗಳದಲ್ಲಿ ರುಚಿ ಉಳಿದಿಲ್ಲ.

ಈ ಮನುಷ್ಯನ ಬಗ್ಗೆ ಬರೆಯಲು ಬೇರೆ ಕಾರಣವಿದೆ. ನಮ್ಮ ಐಟಿ ಕಚೇರಿಗಳಲ್ಲಿ ವರ್ಷಕ್ಕೆ ಒಂದೆರಡು ಸಲವಾದರೂ ನಾಯಕತ್ವದ ಮೇಲೆ ತರಬೇತಿ ನಡೆಯುತ್ತದೆ. ಪರದೆಯ ಮೇಲೆ ಕಂಪನಿ ಕಟ್ಟಿದವರ ಚಿತ್ರಗಳು ಬರುತ್ತವೆ. ಒಂದು ಗ್ಯಾರೇಜು, ಕಾಲೇಜು ಬಿಟ್ಟ ಒಬ್ಬ ಹುಡುಗ, ನೌಕರಿಗೆ ರಾಜೀನಾಮೆ ಎಸೆದು ಬಂದ ಇನ್ನೊಬ್ಬ. ಕೊನೆಯ ಸ್ಲೈಡಿನಲ್ಲಿ ಕನಸು, ಧೈರ್ಯ, ಛಲ ಎಂಬ ಮೂರು ಪದ. ನಂತರ ಚಹಾ. ಪ್ರಾಜೆಕ್ಟು ನಡೆಸಿಯೇ ತಲೆ ನರೆತ ನನಗೆ ಈ ಕಥೆಗಳಲ್ಲಿ ಯಾವಾಗಲೂ ಒಂದು ಕಾಲಂ ಖಾಲಿ ಬಿಟ್ಟ ಹಾಗೆ ಕಾಣುತ್ತದೆ. ಯಾವ ಕೆಲಸ ಕೈಗೆತ್ತಿಕೊಂಡರೂ ನಾವು ಮೊದಲು ಕೇಳುವುದು, ಇದು ತಡವಾದರೆ ಆ ದಿನಗಳ ಖರ್ಚು ಯಾರ ಲೆಕ್ಕಕ್ಕೆ ಬೀಳುತ್ತದೆ ಎಂದು. ಸ್ಥಾಪಕರ ಕಥೆ ಹೇಳುವವರು ಅದನ್ನು ಕೇಳುವುದಿಲ್ಲ. ಲಕ್ಷ್ಮಣರಾಯರ ಬದುಕಿನಲ್ಲಿ ಆ ಲೆಕ್ಕ ಮುಚ್ಚಿಟ್ಟಿಲ್ಲ. ಹುಡುಕಿದರೆ ಪ್ರತಿ ಹಂತದಲ್ಲೂ ಸಿಗುತ್ತದೆ.

ಮೊದಲಿನಿಂದಲೇ ನೋಡಿ. ಹುಡುಗನಿಗೆ ಚಿತ್ರ ಬರೆಯುವ ಹುಚ್ಚು. ತಂದೆಗೆ ಅದು ಹಿಡಿಸಲಿಲ್ಲ. ಹಿರಿಯಣ್ಣ ರಾಮಚಂದ್ರರಾಯರು, ಮನೆಯಲ್ಲಿ ಕರೆಯುತ್ತಿದ್ದದ್ದು ರಾಮುಅಣ್ಣ ಎಂದು, ಖರ್ಚು ವಹಿಸಿಕೊಂಡರು. 1885ರಲ್ಲಿ ಲಕ್ಷ್ಮಣರಾವ್ ಮುಂಬಯಿಯ ಜೆ. ಜೆ. ಸ್ಕೂಲ್ ಆಫ್ ಆರ್ಟ್ ಸೇರಿದರು. ಎರಡು ವರ್ಷ ಕಲಿತ ಮೇಲೆ ತಮಗೆ ಕೆಲವು ಬಣ್ಣಗಳ ವ್ಯತ್ಯಾಸ ತಿಳಿಯುವುದಿಲ್ಲ ಎಂದು ಗೊತ್ತಾಯಿತು. ಚಿತ್ರಕಾರನಿಗೆ ಇದಕ್ಕಿಂತ ಕೆಟ್ಟ ಸುದ್ದಿ ಇಲ್ಲ. ಅವರು ಬಣ್ಣ ಬಿಟ್ಟು ಗೆರೆ ಹಿಡಿದರು. ಯಂತ್ರಗಳ ನಕ್ಷೆ ಬರೆಯುವುದನ್ನು ಕಲಿತು ಮುಂಬಯಿಯ ವಿಕ್ಟೋರಿಯಾ ಜುಬಿಲಿ ಟೆಕ್ನಿಕಲ್ ಇನ್‌ಸ್ಟಿಟ್ಯೂಟ್‌ನಲ್ಲಿ, ಈಗಿನ ವಿ.ಜೆ.ಟಿ.ಐ.ಯಲ್ಲಿ, ಸಹಾಯಕ ಶಿಕ್ಷಕರಾದರು. ಎರಡು ವರ್ಷ ವ್ಯರ್ಥವಾಯಿತೆಂದು ಯಾರಾದರೂ ಅಂದಿದ್ದರೆ ಅದನ್ನು ಅನ್ನುವ ಹಕ್ಕು ದುಡ್ಡು ಕೊಟ್ಟ ಅಣ್ಣನಿಗಿತ್ತು. ಅಣ್ಣ ಅನ್ನಲಿಲ್ಲವೆಂದೇ ತೋರುತ್ತದೆ. ಮುಂದಿನ ಸಾಹಸಕ್ಕೂ ಅವರೇ ಜೊತೆಯಾದರು.

ಆ ಸಾಹಸ ಸೈಕಲ್ಲಿನದು. ಆಗ ಸೈಕಲ್ ಎಂದರೆ ಸಾಹೇಬರ ಸವಾರಿ, ಒಂದರ ಬೆಲೆ ನೂರಾರು ರೂಪಾಯಿ. ಲಕ್ಷ್ಮಣರಾವ್ ಮುಂಬಯಿಯಲ್ಲಿ ಸೈಕಲ್ ಕೊಂಡು ಬೆಳಗಾವಿಗೆ ಕಳಿಸುವುದು, ಅಲ್ಲಿ ರಾಮುಅಣ್ಣ ಮಾರುವುದು. ಕೊಂಡವರಿಗೆ ಹತ್ತುವುದನ್ನು ಕಲಿಸಲು 15 ರೂಪಾಯಿ ಬೇರೆ. ಕಿರ್ಲೋಸ್ಕರ ಬ್ರದರ್ಸ್ ಎಂಬ ಹೆಸರು ಹುಟ್ಟಿದ್ದು ಈ ಅಂಗಡಿಯಿಂದ. ಕಂಪನಿ ತನ್ನ ಹುಟ್ಟಿನ ವರ್ಷವನ್ನು 1888 ಎಂದು ಹೇಳಿಕೊಳ್ಳುತ್ತದೆ. ಆದರೆ ಆ ಹೆಸರಿನ ತಮ್ಮ ಆಗ ಬೆಳಗಾವಿಯಲ್ಲಿ ಇರಲೇ ಇಲ್ಲ. ಮುಂಬಯಿಯಲ್ಲಿ ಪಾಠ ಹೇಳಿ ತಿಂಗಳ ಸಂಬಳ ಎಣಿಸುತ್ತಿದ್ದರು. ವರ್ಷಗಟ್ಟಲೆ ಹಾಗೇ ನಡೆಯಿತು. ಬಡ್ತಿ ತಮಗೆ ಬರಬೇಕಾದಲ್ಲಿ ಒಬ್ಬ ಆಂಗ್ಲೋ-ಇಂಡಿಯನ್‌ನಿಗೆ ಹೋದಾಗ ಅವರು ನೌಕರಿ ಬಿಟ್ಟರು. ಈ ಬಡ್ತಿಯ ಕಥೆಯನ್ನು ಎಲ್ಲರೂ ಹೇಳುತ್ತಾರೆ, ಸ್ವಾಭಿಮಾನಕ್ಕೆ ಉದಾಹರಣೆಯಾಗಿ. ಸ್ವಾಭಿಮಾನವೇನೋ ನಿಜ. ಆದರೆ ಅವರು ಮುಂಬಯಿ ಬಿಟ್ಟು ಬಂದು ಇಳಿದದ್ದು ಅಣ್ಣ ಆಗಲೇ ನಡೆಸುತ್ತಿದ್ದ ಅಂಗಡಿಗೆ. ನಡುನೀರಿಗೆ ಹಾರಿದರು ಎನ್ನುವವರು ದಡದಲ್ಲಿ ಹಗ್ಗ ಹಿಡಿದು ನಿಂತವನನ್ನು ಚಿತ್ರದಿಂದ ಕತ್ತರಿಸಿಬಿಡುತ್ತಾರೆ.

ಬೆಳಗಾವಿಯಲ್ಲಿ ಅವರು ಮೊದಲು ತಯಾರಿಸಿದ್ದು ಜೋಳದ ಕಣಿಕೆ ಕತ್ತರಿಸುವ ಯಂತ್ರ. ದನಕರುಗಳಿದ್ದವರಿಗೆ ಅದರ ಉಪಯೋಗ ಕಣ್ಣಿಗೆ ಕಾಣುವಂಥದ್ದು. ಆಮೇಲೆ ಬಂತು ಕಬ್ಬಿಣದ ನೇಗಿಲು. ಅದರ ಗತಿ ಬೇರೆಯಾಯಿತು. ಕಬ್ಬಿಣ ತಾಗಿದರೆ ನೆಲಕ್ಕೆ ವಿಷವೇರುತ್ತದೆ ಎಂದು ರೈತರು ಹತ್ತಿರ ಬರಲಿಲ್ಲ. ಮೊದಲ ನೇಗಿಲು ಮಾರಾಟವಾಗಲು ಎರಡು ವರ್ಷ ಹಿಡಿಯಿತು ಎಂದು ಅವರ ಜೀವನಕಥೆಗಳು ಹೇಳುತ್ತವೆ.

ಇಲ್ಲಿ ನಾನು ಸ್ವಲ್ಪ ನಿಲ್ಲುತ್ತೇನೆ. ಹೇಳುವವರು ಇದನ್ನು ರೈತರ ಮೂಢನಂಬಿಕೆಯ ಕಥೆಯಾಗಿ ಹೇಳಿ ನಗುತ್ತಾರೆ. ಆದರೆ ಮರದ ನೇಗಿಲಿಗೂ ಕಬ್ಬಿಣದ ಕುಳ ಇದ್ದೇ ಇರುತ್ತದೆ. ತಲೆತಲಾಂತರದಿಂದ ಆ ಕುಳ ನೆಲ ಸೀಳಿದೆ, ವಿಷವೇನೂ ಏರಲಿಲ್ಲ. ಇದು ರೈತನಿಗೆ ಗೊತ್ತಿರಲಿಲ್ಲವೇ? ಒಕ್ಕಲುತನದ ಮನೆಯಲ್ಲಿ ಬೆಳೆದ ನನಗೆ ಆ ಮಾತು ಬೇರೆ ಯಾವುದೋ ಲೆಕ್ಕದ ಮೇಲೆ ಹೊದಿಸಿದ ಬಟ್ಟೆಯಂತೆ ಕಾಣುತ್ತದೆ. ಮರದ ನೇಗಿಲನ್ನು ಊರ ಬಡಿಗ ಮಾಡಿಕೊಡುತ್ತಿದ್ದ, ಕುಳವನ್ನು ಕಮ್ಮಾರ ತಟ್ಟಿಕೊಡುತ್ತಿದ್ದ. ಸುಗ್ಗಿಯಲ್ಲಿ ಕಣದ ಮೇಲೆ ಇಬ್ಬರಿಗೂ ಆಯ ಕೊಟ್ಟರೆ ಮುಗಿಯಿತು, ಕೈಯಿಂದ ರೊಕ್ಕ ಬಿಚ್ಚುವ ಮಾತಿಲ್ಲ. ಕಬ್ಬಿಣದ ನೇಗಿಲಿಗೆ ಮೊದಲೇ ರೊಕ್ಕ ಎಣಿಸಬೇಕು. ಭಾರದ ನೇಗಿಲು, ಆಳಕ್ಕೆ ಹೋಗುತ್ತದೆ, ಬಲವಾದ ಎತ್ತು ಬೇಕು. ಮಳೆ ಬಿದ್ದು ನೆಲ ಹದಕ್ಕೆ ಬಂದ ದಿನವೇ ಅದು ಮುರಿದರೆ? ಬಡಿಗನಿಗೆ ಅದನ್ನು ಸರಿಮಾಡಲು ಬರುವುದಿಲ್ಲ. ಬೆಳಗಾವಿಗೆ ಗಾಡಿ ಕಟ್ಟಬೇಕು, ಬರುವಷ್ಟರಲ್ಲಿ ಹದ ಹೋಗಿರುತ್ತದೆ, ಹದದ ಜೊತೆ ಆ ವರ್ಷದ ಬೆಳೆಯೂ ಹೋದಂತೆ. ಪೇಟೆಯಿಂದ ಬಂದ ವಿದ್ಯಾವಂತನ ಮುಂದೆ ಇಷ್ಟನ್ನೆಲ್ಲ ಬಿಡಿಸಿ ಹೇಳುವುದಕ್ಕಿಂತ "ನೆಲಕ್ಕ ವಿಷ ಆಗತೈತ್ರಿ" ಎಂದು ಕೈಮುಗಿಯುವುದು ಸುಲಭ. ಇದು ನನ್ನ ಊಹೆ, ಆದರೆ ಹೊಸ ಸಾಫ್ಟ್‌ವೇರ್ ಹಾಕಿಕೊಟ್ಟಾಗ ಬಳಸದೇ ಇರಲು ಜನ ಕೊಡುವ ಕಾರಣಗಳನ್ನು ಕೇಳಿ ಕೇಳಿ ಹುಟ್ಟಿದ ಊಹೆ. ಹೇಳುವ ಕಾರಣ ಎಷ್ಟೋ ಸಲ ನಿಜವಾದ ಕಾರಣವಾಗಿರುವುದಿಲ್ಲ. ಹೊಸದನ್ನು ನಂಬಿ ಕೆಟ್ಟರೆ ನಷ್ಟ ತಮ್ಮದು ಎಂಬುದಷ್ಟೇ ಅವರಿಗೆ ಖಚಿತವಾಗಿ ಗೊತ್ತು.

ಇನ್ನು ಆ ಎರಡು ವರ್ಷ. ಮಾರಾಟವಾಗದ ನೇಗಿಲುಗಳನ್ನು ಗೋಡೆಗೆ ಒರಗಿಸಿ ಮನೆ ನಡೆಸಿದ್ದು ಹೇಗೆ? ಸೈಕಲ್ ವ್ಯಾಪಾರವಿತ್ತು, ಕಣಿಕೆ ಯಂತ್ರವಿತ್ತು, ನಡುನಡುವೆ ಕಟ್ಟಡದ ಕೆಲಸ ಹಿಡಿದರು. ನೇಗಿಲಿನ ಕಾಯುವಿಕೆಗೆ ಬೇರೆ ಸರಕು ಬೆಲೆ ತೆತ್ತಿತು. ಛಲ ಎಲ್ಲರಲ್ಲೂ ಇರಬಹುದು. ಎರಡು ವರ್ಷ ಕಾದು ಕೂರುವ ಅನುಕೂಲ ಎಲ್ಲರಿಗೂ ಇರುವುದಿಲ್ಲ.

ನೇಗಿಲು ಕೈಹಿಡಿಯಿತು ಎನ್ನುವಷ್ಟರಲ್ಲಿ ಬೆಳಗಾವಿಯ ನಗರಸಭೆಗೆ ಹೊಸ ಬಡಾವಣೆಗಾಗಿ ಅವರ ಕಾರ್ಖಾನೆಯ ಜಾಗ ಬೇಕಾಯಿತು. ಜಾಗ ಖಾಲಿ ಮಾಡಬೇಕು, ಹೋಗಲು ಎಲ್ಲೂ ಜಾಗವಿಲ್ಲ. ಆಗ ಒದಗಿದವರು ಔಂಧ ಸಂಸ್ಥಾನದ ರಾಜ ಬಾಳಾಸಾಹೇಬ ಪಂತ ಪ್ರತಿನಿಧಿ. ಸ್ವತಃ ಚಿತ್ರಕಾರರು, 1909ರಲ್ಲಿ ಗದ್ದುಗೆ ಏರಿದ್ದರು. ಚಿಕ್ಕ ಸಂಸ್ಥಾನ, ಅದೂ ಅಲ್ಲಲ್ಲಿ ಚದುರಿದ ತುಂಡು ನೆಲ. ಕುಂಡಲ ರೋಡ್ ನಿಲ್ದಾಣದ ಹತ್ತಿರದ 32 ಎಕರೆ ಬರಡು ಭೂಮಿ, ಮೇಲೆ ಬಡ್ಡಿಯಿಲ್ಲದ 10,000 ರೂಪಾಯಿ ಸಾಲ. ಬಡ್ಡಿಯಿಲ್ಲದ್ದು ಎಂಬುದನ್ನು ಗಮನಿಸಿ. ಬಡ್ಡಿ ಎಂದರೆ ಸಮಯದ ಬೆಲೆ. ರಾಜ ಕೊಟ್ಟದ್ದು ಹಣಕ್ಕಿಂತ ಹೆಚ್ಚಾಗಿ ಬಿಟ್ಟಿ ಸಮಯ.

1910ರಲ್ಲಿ 25 ಜನ ಕೆಲಸಗಾರರು ಸಂಸಾರ ಸಮೇತ ಆ ಕಳ್ಳಿಯ ಕಾಡಿಗೆ ಬಂದರು. ಲಕ್ಷ್ಮಣರಾಯರ ಹೆಂಡತಿ ರಾಧಾಬಾಯಿ, ಮಕ್ಕಳೂ ಬಂದರು. ಬೆಳಗಾವಿಯ ಪೇಟೆ, ಬಾವಿ, ಶಾಲೆ ಬಿಟ್ಟು ಹಾವಿರುವ ಬಯಲಿಗೆ ಕೂಸುಗಳನ್ನು ಎತ್ತಿಕೊಂಡು ಬಂದ ಆ 25 ಮನೆಯ ಹೆಂಗಸರು ಏನಂದುಕೊಂಡರೋ! ಹೊಟ್ಟೆಪಾಡಿಗೆ ಊರು ಬಿಟ್ಟ ನಾವು ಇದನ್ನು ಸ್ವಲ್ಪವಾದರೂ ಊಹಿಸಬಲ್ಲೆವು. ಕಂಪನಿಯ ಚರಿತ್ರೆಯಲ್ಲಿ ಅವರು ಒಂದು ಸಂಖ್ಯೆ.

ಕೆಲವರ ಹೆಸರು ಮಾತ್ರ ಉಳಿದಿದೆ, ಅದೂ ಬಹಳ ಸ್ವಾರಸ್ಯದ ಪಟ್ಟಿ. ಕೆ. ಕೆ. ಕುಲಕರ್ಣಿ, ಪರೀಕ್ಷೆಯಲ್ಲಿ ನಪಾಸಾದವರು, ಊರೂರು ತಿರುಗಿ ಸರಕು ಮಾರಿದರು, ಕೋರ್ಟು ಕಚೇರಿಯ ಕೆಲಸವನ್ನೂ ನೋಡಿಕೊಂಡರು. ಅನಂತರಾವ್ ಫಳಣೀಕರ, ಶಾಲೆ ಬಿಟ್ಟವರು, ಹೊಸ ಯಂತ್ರಗಳನ್ನು ರೂಪಿಸುವ ಎಂಜಿನಿಯರ್ ಆದರು. ಎರಕದ ಕೆಲಸಕ್ಕೆ ಶಂಭುರಾವ್ ಜಾಂಭೇಕರ, ಲೆಕ್ಕಪತ್ರಕ್ಕೆ ಮಂಗೇಶರಾವ್ ರೇಗೆ. ರಾತ್ರಿ ಕಾವಲಿಗೆ ದರೋಡೆ ಮಾಡಿ ಶಿಕ್ಷೆಗೊಳಗಾದ ಇಬ್ಬರು. ಊರಿನಲ್ಲಿ ಅಸ್ಪೃಶ್ಯತೆ ಪಾಲಿಸಕೂಡದು ಎಂಬ ನಿಯಮ ಬೇರೆ. ಹತ್ತನೇ ತರಗತಿಯಿಂದ ಎಲ್ಲದರಲ್ಲೂ ಶೇಕಡಾ 60 ಬಂದಿರಬೇಕು ಎಂಬ ನಮ್ಮ ಈಗಿನ ಜರಡಿಯಲ್ಲಿ ಇವರಲ್ಲಿ ಎಷ್ಟು ಮಂದಿ ಉಳಿಯುತ್ತಿದ್ದರು? ಲಕ್ಷ್ಮಣರಾಯರು ದೊಡ್ಡ ಮನಸ್ಸಿನವರು, ಅದರಲ್ಲಿ ಅನುಮಾನವಿಲ್ಲ. ಜೊತೆಗೆ ಒಂದು ಸಣ್ಣ ಸತ್ಯವೂ ಇದೆ. ಆ ಬಯಲಿಗೆ ಬರಲು ಒಳ್ಳೆಯ ಪದವಿ, ಒಳ್ಳೆಯ ನೌಕರಿ ಇದ್ದವರು ಸಾಲುಗಟ್ಟಿ ನಿಂತಿರಲಿಕ್ಕಿಲ್ಲ. ಬೇರೆ ಬಾಗಿಲು ತೆರೆಯದವರು ಇಲ್ಲಿ ಬಂದರು, ಇವರು ಬಾಗಿಲು ಹಾಕಲಿಲ್ಲ.

ಮುಂದಿನ ಏಳಿಗೆಯನ್ನು ಬೇಗ ಹೇಳಿಬಿಡುತ್ತೇನೆ, ಅದು ಎಲ್ಲ ಕಡೆ ಸಿಗುತ್ತದೆ. ಮೊದಲ ಮಹಾಯುದ್ಧದಲ್ಲಿ ಕಚ್ಚಾ ಕಬ್ಬಿಣ ಸಿಗದಾದಾಗ ಕೊಲ್ಲಾಪುರದ ಶಾಹು ಮಹಾರಾಜರಿಂದ ಕೋಟೆಯ ಹಳೆಯ ಫಿರಂಗಿಗಳು ಬಂದವು, ಕರಗಿ ನೇಗಿಲಾದವು. 1920ರಲ್ಲಿ ಕಿರ್ಲೋಸ್ಕರ ಬ್ರದರ್ಸ್ ಲಿಮಿಟೆಡ್ ಕಂಪನಿಯಾಯಿತು. ಮಗ ಶಂತನುರಾವ್ ಅಮೆರಿಕದ ಎಂ.ಐ.ಟಿ.ಯಲ್ಲಿ ಕಲಿತು 1926ರಲ್ಲಿ ಮರಳಿದರು. 1941ರಲ್ಲಿ ಹರಿಹರದಲ್ಲಿ ಲೇತ್ ತಯಾರಿಸುವ ಮೈಸೂರು ಕಿರ್ಲೋಸ್ಕರ, 1946ರಲ್ಲಿ ಬೆಂಗಳೂರಿನಲ್ಲಿ ಮೋಟಾರಿನ ಕಾರ್ಖಾನೆ, ಅದೇ ವರ್ಷ ಇಲ್ಲಿ ಪುಣೆಯ ಖಡಕಿಯಲ್ಲಿ ಎಂಜಿನ್ನಿನ ಕಾರ್ಖಾನೆ. ಗಾಂಧೀಜಿ ಹತ್ಯೆಯ ನಂತರ 1948ರ ಗಲಭೆಯಲ್ಲಿ ಗುಂಪು ಕಿರ್ಲೋಸ್ಕರವಾಡಿಯ ಕಾರ್ಖಾನೆಗೆ ಬೆಂಕಿ ಇಟ್ಟಿತು. ಲಕ್ಷ್ಮಣರಾಯರಿಗೆ ಆಗ ಎಂಬತ್ತು ಹತ್ತಿರ. ಕಾರ್ಖಾನೆ ಮತ್ತೆ ಎದ್ದಿತು. ಆ ಹೊತ್ತಿಗೆ ಬೇರೆ ಮೂರು ಊರುಗಳಲ್ಲಿ ಚಕ್ರ ತಿರುಗುತ್ತಿತ್ತು. 1956ರಲ್ಲಿ ಅವರು ತೀರಿಕೊಂಡರು. ಹರಿಹರದ ಕಾರ್ಖಾನೆ ಈ ಶತಮಾನದ ಆರಂಭದಲ್ಲಿ ನಿಂತುಹೋಯಿತು.

ಹತ್ತು ಸಾವಿರ ಎಂದಾಗ ಪುಣೆಯ ಕನ್ನಡಿಗರಿಗೆ ಇನ್ನೊಂದು ಹತ್ತು ಸಾವಿರ ನೆನಪಾಗುತ್ತದೆ. 1981ರಲ್ಲಿ ಇದೇ ಊರಿನಲ್ಲಿ ಇನ್ಫೋಸಿಸ್ ಶುರುವಾದದ್ದು ಸುಧಾ ಮೂರ್ತಿಯವರು ಉಳಿಸಿಟ್ಟಿದ್ದ 10,000 ರೂಪಾಯಿಯಿಂದ. ಈ ಕಥೆ ತರಬೇತಿಯ ಸ್ಲೈಡಿನಲ್ಲಿ ತಪ್ಪದೇ ಬರುತ್ತದೆ. 1910ರ ಹತ್ತು ಸಾವಿರದ ಮುಂದೆ 1981ರದು ಚಿಲ್ಲರೆ. ಆದರೆ ಸುಧಾ ಅವರು ಇನ್ನೊಂದು ಮಾತನ್ನೂ ಹೇಳಿದ್ದಾರೆ. ಮೂರು ವರ್ಷ ಸಮಯ ತಗೊಳ್ಳಿ, ಮನೆಯ ಖರ್ಚು ನಾನು ನೋಡಿಕೊಳ್ಳುತ್ತೇನೆ ಎಂದು ಗಂಡನಿಗೆ ಹೇಳಿದ್ದು. ನನ್ನ ಲೆಕ್ಕದಲ್ಲಿ ಆ ಕಂಪನಿಯ ಮೊದಲ ಬಂಡವಾಳ ಅದು. ಸ್ಲೈಡಿನಲ್ಲಿ ಹತ್ತು ಸಾವಿರ ಇರುತ್ತದೆ, ಮೂರು ವರ್ಷ ಇರುವುದಿಲ್ಲ.

ಇದೆಲ್ಲ ಬರೀ ಹಳೆಯ ಮಾತಾಗಿದ್ದರೆ ಬರೆಯುತ್ತಿರಲಿಲ್ಲ. ಕಳೆದ ಮಳೆಗಾಲದಲ್ಲಿ ನನ್ನ ತಂಡದ ಒಬ್ಬ ಹುಡುಗ, ಬೈಲಹೊಂಗಲದ ಕಡೆಯವನು, ರಾಜೀನಾಮೆಯ ಮಾತು ತೆಗೆದ. ಒಕ್ಕಲಿಗರಿಗೆ ಡ್ರೋನಿನಿಂದ ಔಷಧಿ ಹೊಡೆದುಕೊಡುವ ಕಂಪನಿ ಮಾಡಬೇಕಂತೆ. ಜಾಣ, ಕೆಲಸಗಾರ. "ಸರ್, ನೀವ ಹೇಳ್ರಿ, ಬಿಡ್ಲೋ ಬ್ಯಾಡೋ" ಅಂದ. ಧೈರ್ಯ ಮಾಡು ಎನ್ನುವುದು ಸುಲಭ, ಬೇಡ ಎನ್ನುವುದು ಇನ್ನೂ ಸುಲಭ. ಎರಡನ್ನೂ ಹೇಳದೆ, ಮೊದಲ ಎರಡು ವರ್ಷ ಒಬ್ಬ ರೈತನೂ ಕರೆಯದಿದ್ದರೆ ಮನೆ ಯಾರು ನಡೆಸ್ತಾರೆ, ಅವರಿಗೆ ಈ ವಿಷಯ ಗೊತ್ತೇ ಎಂದು ಕೇಳಿದೆ. ಅವನು ಸುಮ್ಮನಾದ. ಅಪ್ಪನ ಮೇಲೆ ಸೊಸೈಟಿ ಸಾಲವಿದೆ. ಅಕ್ಕ ಧಾರವಾಡದಲ್ಲಿ ಶಾಲಾ ಶಿಕ್ಷಕಿ. "ಅಕ್ಕನ್ನ ಕೇಳಬೇಕ್ರಿ" ಅಂದ. ದೀಪಾವಳಿಗೆ ಊರಿಗೆ ಹೋದಾಗ ಕೇಳಿದ. ಅಕ್ಕ ಒಂದೂವರೆ ವರ್ಷ ಎಂದು ಬೆರಳು ಮಡಚಿ ಹೇಳಿದಳಂತೆ, ಸಾಲದ ಕಂತು ಅಷ್ಟು ದಿನ ತನ್ನದು ಎಂದು. ಬರುವ ಏಪ್ರಿಲ್‌ನಲ್ಲಿ ಅವನು ಕೆಲಸ ಬಿಡುತ್ತಾನೆ. ಕಂಪನಿಯ ಕಾಗದದಲ್ಲಿ ಅಕ್ಕನ ಪಾಲನ್ನು ಈಗಲೇ ಬರೆಸು ಎಂದು ಹೇಳಿದ್ದೇನೆ.

ಬೆಳಗಾವಿಯ ಪೇಟೆಯಲ್ಲಿ ಸೈಕಲ್ ಅಂಗಡಿ ಇದ್ದ ಬೀದಿಗೆ ಇಂದಿಗೂ ಕಿರ್ಲೋಸ್ಕರ ರೋಡ್ ಎನ್ನುತ್ತಾರೆ. ಕೇಳಿದರೆ ಜನ ಲಕ್ಷ್ಮಣರಾಯರ ಹೆಸರು ಹೇಳುತ್ತಾರೆ. ತಮ್ಮ ಮುಂಬಯಿಯಲ್ಲಿದ್ದ ಅಷ್ಟೂ ವರ್ಷ ಆ ಅಂಗಡಿಯ ಬಾಗಿಲು ತೆಗೆದು, ಬಂದವರನ್ನು ಸೈಕಲ್ ಹತ್ತಿಸಿ ಕಲಿಸಿದವರು ರಾಮುಅಣ್ಣ.