ಹವಾನಿಯಂತ್ರಣ ಯಂತ್ರದ ಸಂಪರ್ಕದೋಷವೂ ತಂತಿ ಪರೀಕ್ಷೆಯ ಪದ್ಧತಿಯೂ

ತಿರುಮಕೂಡಲು ನರಸೀಪುರವು ಇತಿಹಾಸದ ವಿದ್ಯಾರ್ಥಿಗಳಿಗೆ ಕಾವೇರಿ-ಕಪಿಲಾ ಸಂಗಮದ ಕ್ಷೇತ್ರವೆಂದೂ, 1960ರ ಆಸುಪಾಸಿನಲ್ಲಿ ಡಾ. ಎಂ. ಶೇಷಾದ್ರಿಯವರ ನೇತೃತ್ವದಲ್ಲಿ ನಡೆದ ಉತ್ಖನನದಿಂದ ಬೆಳಕಿಗೆ ಬಂದ ನವಶಿಲಾಯುಗದ ನೆಲೆಯೆಂದೂ ಪರಿಚಿತವಾದುದು. ಆ ಪಟ್ಟಣದ ಒಂದು ಮನೆಯಲ್ಲಿ ಎರಡು ವರ್ಷಗಳ ಹಿಂದೆ ನಾವು ಕಣ್ಣಾರೆ ಕಂಡ ಒಂದು ಸಣ್ಣ ಸಂಗತಿಯೇ ಈ ಲೇಖನಕ್ಕೆ ಪ್ರೇರಣೆ. ಅದು ಹವಾನಿಯಂತ್ರಣ ಯಂತ್ರವೊಂದಕ್ಕೆ ಸಂಬಂಧಿಸಿದುದು. ಸಂಶೋಧನ ಪತ್ರಿಕೆಯಲ್ಲಿ ಇಂತಹ ವಿಷಯಕ್ಕೆ ಎಡೆಯುಂಟೆ ಎಂದು ಕೆಲವರು ಕೇಳಬಹುದು. ಸಾಕ್ಷ್ಯವನ್ನು ತೂಗಿನೋಡುವ ಕೆಲಸ ಎಲ್ಲೆಲ್ಲಿ ನಡೆಯುವುದೋ ಅಲ್ಲೆಲ್ಲ ನಮ್ಮ ಶಾಸ್ತ್ರದವರು ಕಲಿಯತಕ್ಕುದು ಇದ್ದೇ ಇರುತ್ತದೆಂಬುದು ನಮ್ಮ ನಂಬಿಕೆ.

ಮನೆಯವರು ನಿವೃತ್ತ ಉಪಾಧ್ಯಾಯರು. ಹಾಸಿಗೆ ಹಿಡಿದ ವೃದ್ಧ ತಾಯಿಯವರಿಗಾಗಿ, ನಿವೃತ್ತಿ ವೇತನದಲ್ಲಿ ಉಳಿಸಿದ ಹಣದಿಂದ, ಮಹಡಿಯ ಕೋಣೆಗೆ ‘ಇನ್ವರ್ಟರ್’ ಜಾತಿಯ ಯಂತ್ರವನ್ನು ಹಾಕಿಸಿದ್ದರು. ಅಶ್ವಿನಿ, ಭರಣಿ ಮಳೆಗಳ ದಿನಗಳಲ್ಲಿ ಅದು ಮತ್ತೆ ಮತ್ತೆ ನಿಂತು, ಒಳಗಿನ ಪೆಟ್ಟಿಗೆಗೂ ಹೊರಗಿನ ಪೆಟ್ಟಿಗೆಗೂ ಸಂಪರ್ಕವಿಲ್ಲವೆಂಬ ಸಂಕೇತವನ್ನು ತೋರಿಸತೊಡಗಿತು. ಮಾರಾಟಗಾರರು ಕಳುಹಿಸಿದ ಮೆಕ್ಯಾನಿಕ್ ಸಂಕೇತವನ್ನು ನೋಡಿದೊಡನೆಯೇ ಒಳಗಿನ ಬೋರ್ಡು ಕೆಟ್ಟಿದೆಯೆಂದು ತೀರ್ಮಾನಿಸಿ ಹೊಸ ಬೋರ್ಡನ್ನು ಹಾಕಿದರು. ಎಂಟು ದಿನ ಯಂತ್ರ ಚೆನ್ನಾಗಿ ನಡೆಯಿತು. ಒಂಬತ್ತನೆಯ ದಿನ ಮತ್ತೆ ಅದೇ ಸಂಕೇತ. ಈಗ ಹೊರಗಿನ ಬೋರ್ಡೂ ಹೋಗಿದೆ ಎಂಬ ಮಾತು ಬಂದಿತು. ಅದರ ಬೆಲೆ ಮೊದಲನೆಯದಕ್ಕಿಂತಲೂ ಹೆಚ್ಚು.

ಇಲ್ಲಿ ಯಂತ್ರದ ಚರಿತ್ರೆಯನ್ನು ಸ್ವಲ್ಪ ಹೇಳಬೇಕಾಗಿದೆ. ನರಸೀಪುರದ ಸಂಗಮವನ್ನು ದಾಟಿದ ನೀರು ತಲಕಾಡಿನ ಮುಂದೆ ಹರಿದು ಶಿವನಸಮುದ್ರದಲ್ಲಿ ಧುಮುಕುತ್ತದೆ. ಆ ನೀರಿನಿಂದ ಉತ್ಪನ್ನವಾದ ವಿದ್ಯುಚ್ಛಕ್ತಿ 92 ಮೈಲಿ ದೂರದ ಕೋಲಾರದ ಚಿನ್ನದ ಗಣಿಗಳಿಗೆ ತಲಪಿದುದು 1902ರ ಜೂನ್ 30ರಂದು. ಅದಕ್ಕಾಗಿ ದುಡಿದ ದಿವಾನ್ ಸರ್ ಕೆ. ಶೇಷಾದ್ರಿ ಅಯ್ಯರ್ ಅವರು ಹಿಂದಿನ ವರ್ಷವೇ ತೀರಿಕೊಂಡಿದ್ದರು. ಮೂರು ವಾರಗಳೊಳಗಾಗಿ, ಅದೇ ಜುಲೈ 17ರಂದು, ಅಮೆರಿಕದ ಯುವ ಎಂಜಿನಿಯರ್ ವಿಲ್ಲಿಸ್ ಕ್ಯಾರಿಯರ್ ಬ್ರೂಕ್ಲಿನ್ನಿನ ಒಂದು ಮುದ್ರಣಾಲಯಕ್ಕಾಗಿ ಗಾಳಿಯ ತೇವವನ್ನು ಹತೋಟಿಯಲ್ಲಿಡುವ ವ್ಯವಸ್ಥೆಯ ನಕ್ಷೆಯನ್ನು ಸಿದ್ಧಪಡಿಸಿದನು. ಈ ಎರಡು ಘಟನೆಗಳಿಗೂ ಪರಸ್ಪರ ಸಂಬಂಧವೇನೂ ಇಲ್ಲ. ಆದರೂ ಒಂದರ ಸಂತತಿ ಇನ್ನೊಂದರ ಸಂತತಿಯನ್ನು ನರಸೀಪುರದ ಮಹಡಿಯ ಕೋಣೆಯಲ್ಲಿ ಸಂಧಿಸಿದುದನ್ನು ನೆನೆದಾಗ ನಮಗೆ ಸಂತೋಷವಾಗುತ್ತದೆ.

ಒಳಗೊಂದು ಹೊರಗೊಂದು ಪೆಟ್ಟಿಗೆಯುಳ್ಳ ಹಳೆಯ ಮಾದರಿಯಲ್ಲಿ ‘ಸಂಪರ್ಕ’ವೆಂಬ ಪ್ರಶ್ನೆಯೇ ಬಹುಮಟ್ಟಿಗೆ ಇರಲಿಲ್ಲ. ಒಳಗಿನ ಸ್ವಿಚ್ಚು ಹೊರಗಿನ ಕಂಪ್ರೆಸರಿಗೆ ವಿದ್ಯುತ್ತನ್ನು ಕೊಡುತ್ತಿದ್ದಿತು ಇಲ್ಲವೆ ನಿಲ್ಲಿಸುತ್ತಿದ್ದಿತು, ಅಷ್ಟೆ. 1981ರಲ್ಲಿ ಜಪಾನಿನ ತೋಷಿಬಾ ಸಂಸ್ಥೆ ಕಂಪ್ರೆಸರಿನ ವೇಗವನ್ನೇ ಹೆಚ್ಚು ಕಡಿಮೆ ಮಾಡಬಲ್ಲ ಗೃಹೋಪಯೋಗಿ ಯಂತ್ರವನ್ನು ಹೊರತಂದಿತು. ಆ ಜಾತಿಯ ಯಂತ್ರಗಳಲ್ಲಿ ಎಷ್ಟು ವೇಗ ಬೇಕೆಂದು ಒಳಗಿನ ಪೆಟ್ಟಿಗೆ ಹೇಳಬೇಕು, ಹೊರಗಿನದು ತನ್ನ ಸ್ಥಿತಿಯನ್ನು ತಿಳಿಸಿ ಉತ್ತರ ಕೊಡಬೇಕು. ಅನೇಕ ಮಾದರಿಗಳಲ್ಲಿ ಈ ಸಂಭಾಷಣೆ ಒಂದೇ ಸಂಜ್ಞೆಯ ತಂತಿಯ ಮೂಲಕ ನಡೆಯುತ್ತದೆ. ವಿದ್ಯುತ್ತನ್ನು ಸಾಗಿಸುವ ನ್ಯೂಟ್ರಲ್ ತಂತಿಯೇ ಅದಕ್ಕೆ ಹಿಂದಿರುಗುವ ದಾರಿಯೂ ಆಗಿರುತ್ತದೆ. ನಿಗದಿಯಾದ ಹೊತ್ತಿನೊಳಗೆ ಉತ್ತರ ಬಾರದಿದ್ದರೆ ಯಂತ್ರ ನಿಲ್ಲುತ್ತದೆ, ಸಂಕೇತ ಮೂಡುತ್ತದೆ: ಡೈಕಿನ್ನಿನಲ್ಲಿ ಯು4, ಎಲ್‌ಜಿಯಲ್ಲಿ ಸಿಎಚ್05, ಗ್ರೀಯಲ್ಲಿ ಇ6.

ಈ ಸಂಕೇತವನ್ನು ನಾವು ಹೇಗೆ ಓದಬೇಕು? ‘ನನಗೆ ಉತ್ತರ ಕೇಳಿಸಲಿಲ್ಲ’ ಎಂಬುದಷ್ಟೇ ಇದರ ಅರ್ಥ. ಉತ್ತರ ಕೊಡಬೇಕಾದವನು ಸತ್ತಿರಬಹುದು, ಅವನಿಗೆ ವಿದ್ಯುತ್ತೇ ತಲಪದಿರಬಹುದು, ತಂತಿಗಳ ಸ್ಥಾನ ಅದಲುಬದಲಾಗಿರಬಹುದು, ನಡುದಾರಿಯಲ್ಲಿ ಮಾತು ಕಳೆದುಹೋಗಿರಬಹುದು, ಕೇಳುವವನೇ ಕಿವುಡನಾಗಿರಬಹುದು. ಸಾಕ್ಷಿಯ ಹೇಳಿಕೆಯನ್ನು ನ್ಯಾಯಾಧೀಶನ ತೀರ್ಪೆಂದು ಭಾವಿಸಿದುದೇ ಆ ಮೆಕ್ಯಾನಿಕ್ ಮಾಡಿದ ತಪ್ಪು. ಒಂದೇ ಶಾಸನದ ಒಂದೇ ಸಾಲನ್ನು ನಂಬಿ ರಾಜನೊಬ್ಬನ ಆಳ್ವಿಕೆಯ ಅವಧಿಯನ್ನು ನಿರ್ಣಯಿಸುವ ಲೇಖಕರು ನಮ್ಮಲ್ಲಿಯೂ ಇದ್ದಾರೆ. ಆದುದರಿಂದ ಆತನನ್ನು ಬಹಳವಾಗಿ ಆಕ್ಷೇಪಿಸುವ ಅಧಿಕಾರ ನಮಗಿಲ್ಲ.

ದೂರದ ಎರಡು ತುದಿಗಳ ನಡುವೆ ಮಾತು ನಿಂತಾಗ ದೋಷವನ್ನು ಎಲ್ಲಿ ಹುಡುಕಬೇಕೆಂಬ ಪ್ರಶ್ನೆ ಹೊಸದಲ್ಲ. ತಂತಿ ಸಮಾಚಾರದ ಇಲಾಖೆ ಅದನ್ನು 19ನೆಯ ಶತಮಾನದಲ್ಲಿಯೇ ಎದುರಿಸಿತ್ತು. ಒಂದೇ ತಂತಿಯಲ್ಲಿ ಸಂಜ್ಞೆಯನ್ನು ಕಳುಹಿಸಿ ಭೂಮಿಯನ್ನೇ ಹಿಂದಿರುಗುವ ದಾರಿಯಾಗಿ ಬಳಸಬಹುದೆಂದು ಸ್ಟೈನ್‌ಹೈಲ್ 1838ರಲ್ಲಿ ಜರ್ಮನಿಯಲ್ಲಿ ತೋರಿಸಿದನು. ಮರುವರ್ಷವೇ ಕಲ್ಕತ್ತೆಯ ಬಳಿ ಪ್ರಯೋಗಗಳನ್ನು ನಡೆಸಿದ ಓಷಾನೆಸ್ಸಿ, 1850ರ ದಶಕದಲ್ಲಿ ಭಾರತದ ಮೊದಲ ತಂತಿ ಮಾರ್ಗಗಳನ್ನು ಹಾಕಿಸಿದನು. ಮಳೆಗಾಲದಲ್ಲಿ ತೇವಗೊಂಡ ಕಂಬಗಳ ಮೂಲಕ ವಿದ್ಯುತ್ತು ನೆಲಕ್ಕೆ ಸೋರಿ, ಸಂಜ್ಞೆ ಕ್ಷೀಣಿಸುತ್ತಿದ್ದುದು ಆ ಮಾರ್ಗಗಳ ನಿತ್ಯದ ತೊಂದರೆ. ನೂರಾರು ಮೈಲಿಗಳ ಮಾರ್ಗದಲ್ಲಿ ದೋಷದ ಸ್ಥಾನವನ್ನು ಕಂಬಕಂಬವನ್ನೂ ಹತ್ತಿ ಹುಡುಕುವುದು ಅಸಾಧ್ಯ. ಆಗ ನೆರವಿಗೆ ಬಂದುದು ಕ್ರಿಸ್ಟಿ 1833ರಲ್ಲಿ ವಿವರಿಸಿ, ವೀಟ್‌ಸ್ಟನ್ 1843ರಲ್ಲಿ ಪ್ರಸಿದ್ಧಿಗೆ ತಂದ ಸೇತು ವಿಧಾನ. ಕೆಟ್ಟ ತಂತಿಯ ದೂರದ ತುದಿಯನ್ನು ಒಂದು ಒಳ್ಳೆಯ ತಂತಿಗೆ ಜೋಡಿಸಿ, ಎರಡು ಭಾಗಗಳ ತಡೆಯನ್ನು ತೂಗಿನೋಡಿದರೆ, ದೋಷ ಎಷ್ಟು ದೂರದಲ್ಲಿದೆಯೆಂಬುದು ಕಚೇರಿಯಲ್ಲಿ ಕುಳಿತೇ ತಿಳಿಯುತ್ತಿದ್ದಿತು. ಒಳ್ಳೆಯದೆಂದು ಗೊತ್ತಿರುವ ತಂತಿಯೊಡನೆ ಸಂಶಯಾಸ್ಪದವಾದ ತಂತಿಯನ್ನು ಹೋಲಿಸುವುದೇ ಇದರ ಜೀವಾಳ. ಭಾರತದ ತಂತಿ ಸೇವೆ 2013ರ ಜುಲೈನಲ್ಲಿ ಮುಗಿಯಿತು. ಪದ್ಧತಿ ಮಾತ್ರ ಉಳಿದಿದೆ.

ಪದ್ಧತಿಯನ್ನು ಬಿಟ್ಟವರ ಪಾಡಿಗೆ ಅಟ್ಲಾಂಟಿಕ್ ಕೇಬಲ್ಲಿಗಿಂತ ಒಳ್ಳೆಯ ನಿದರ್ಶನವಿಲ್ಲ. 1858ರ ಆಗಸ್ಟಿನಲ್ಲಿ ಸಾಗರದ ತಳದಲ್ಲಿ ಹಾಸಿದ ಆ ಕೇಬಲ್ಲಿನಲ್ಲಿ ಸಂಜ್ಞೆ ದುರ್ಬಲವಾಗಿ ಬರುತ್ತಿದ್ದಾಗ, ಕಂಪನಿಯ ವಿದ್ಯುತ್ ತಜ್ಞನಾಗಿದ್ದ ವೈಟ್‌ಹೌಸ್ ತುದಿಯಲ್ಲಿ ಸುಮಾರು 2,000 ವೋಲ್ಟುಗಳನ್ನು ಪ್ರಯೋಗಿಸಿದನು. ಮೊದಲೇ ದೋಷವಿದ್ದ ಕೇಬಲ್ಲು ಕೆಲವೇ ವಾರಗಳಲ್ಲಿ ಮೌನವಾಯಿತು. ಅತಿ ಸೂಕ್ಷ್ಮವಾದ ಮಾಪಕದಿಂದ ಅಲ್ಪ ಪ್ರವಾಹವನ್ನೇ ಓದಬೇಕೆಂಬ ವಿಲಿಯಂ ಥಾಮ್ಸನ್ನನ ಪಕ್ಷವೇ ಸರಿಯೆಂಬುದು ಅನಂತರ ಎಲ್ಲರಿಗೂ ಮನವರಿಕೆಯಾಯಿತು.

ನರಸೀಪುರಕ್ಕೆ ಹಿಂದಿರುಗೋಣ. ಉಪಾಧ್ಯಾಯರು ಎರಡನೆಯ ಬೋರ್ಡಿಗೆ ಹಣ ಕೊಡುವ ಮುನ್ನ, ಪಂಪ್‌ಸೆಟ್ ಮೋಟಾರುಗಳ ರಿಪೇರಿಯಲ್ಲಿ ಪಳಗಿದ ವಯಸ್ಸಾದ ಎಲೆಕ್ಟ್ರಿಷಿಯನ್ ಒಬ್ಬರನ್ನು ಕರೆಸಿದರು. ಅವರು ಪೆಟ್ಟಿಗೆಯನ್ನು ಬಿಚ್ಚುವುದಕ್ಕೆ ಮೊದಲು ಕೇಳಿದ ಪ್ರಶ್ನೆ ಇದು: ‘ಮೇಷ್ಟ್ರೇ, ಇದು ಮಳೆ ಬಂದಾಗ ಮಾತ್ರ ನಿಲ್ಲುತ್ತೋ, ಒಣ ದಿನದಲ್ಲೂ ನಿಲ್ಲುತ್ತೋ?’ ಅದೃಷ್ಟವಶಾತ್ ಮೇಷ್ಟರು ಯಂತ್ರ ನಿಂತ ದಿನಗಳನ್ನೆಲ್ಲ ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿದ್ದರು. ನಾವು ಮೂವರೂ ಕುಳಿತು ನೋಡಿದೆವು. ಹನ್ನೊಂದು ಗುರುತುಗಳಲ್ಲಿ ಒಂಬತ್ತು ಮಳೆ ಸುರಿದ ರಾತ್ರಿಗಳವು; ಮರುದಿನ ಬಿಸಿಲೇರಿದ ಮೇಲೆ ಯಂತ್ರ ತಾನಾಗಿ ನಡೆದಿತ್ತು. ಹೊಸ ಬೋರ್ಡು ಹಾಕಿದ ಮೇಲಿನ ಎಂಟು ದಿನಗಳಲ್ಲಿ ಒಂದು ಹನಿಯೂ ಬಿದ್ದಿರಲಿಲ್ಲ. ಬೋರ್ಡಿನಿಂದ ಗುಣವಾಯಿತೆಂದು ತೋರಿದುದು ಒಣ ಹವೆಯ ಕೃಪೆ. ಕಾಲಾನುಕ್ರಮಣಿಕೆಯ ಬೆಲೆಯನ್ನು ನಮಗೆ ಇಷ್ಟು ಸ್ಪಷ್ಟವಾಗಿ ಯಾವ ಗ್ರಂಥವೂ ಕಲಿಸಿರಲಿಲ್ಲ.

ಅವರು ಎಂ.ಸಿ.ಬಿ.ಯನ್ನು ಇಳಿಸಿ ಹತ್ತು ನಿಮಿಷ ಸುಮ್ಮನೆ ಕಾದರು. ಹೊರಗಿನ ಬೋರ್ಡಿನಲ್ಲಿರುವ ಕೆಪಾಸಿಟರುಗಳು ವಿದ್ಯುತ್ತನ್ನು ನಿಲ್ಲಿಸಿದ ಮೇಲೂ ಪ್ರಾಣಾಪಾಯಕರವಾದ ವೋಲ್ಟೇಜನ್ನು ಸ್ವಲ್ಪ ಹೊತ್ತು ಹಿಡಿದಿಟ್ಟುಕೊಂಡಿರುತ್ತವೆಯಂತೆ. ಮನೆಯವರು ತಾವೇ ಕೈಹಾಕಬಾರದೆಂದು ಅವರು ಎರಡು ಸಲ ಹೇಳಿದರು. ಎರಡು ತುದಿಗಳಲ್ಲಿಯೂ ತಂತಿಗಳ ಬಣ್ಣ ಮತ್ತು ಸ್ಥಾನವನ್ನು ಹೋಲಿಸಿದರು, ತಿರುಪುಗಳನ್ನು ಬಿಗಿಮಾಡಿದರು, ಮತ್ತೆ ವಿದ್ಯುತ್ತು ಕೊಟ್ಟು ಹೊರಗಿನ ಪೆಟ್ಟಿಗೆಗೆ ಅದು ಸರಿಯಾಗಿ ಬರುತ್ತಿರುವುದನ್ನು ಅಳೆದು ನೋಡಿದರು. ಎಲ್ಲವೂ ಸರಿಯಾಗಿದ್ದಿತು. ಅನಂತರ ವಿದ್ಯುತ್ತನ್ನು ನಿಲ್ಲಿಸಿ, ಹಳೆಯ ಕೇಬಲ್ಲಿನ ಎರಡು ತುದಿಗಳನ್ನೂ ಕಳಚಿ, ಕಿಟಕಿಯ ಮೂಲಕ ಒಂದು ಹೊಸ ಕೇಬಲ್ಲನ್ನು ತಾತ್ಕಾಲಿಕವಾಗಿ ಎಳೆದು ಜೋಡಿಸಿದರು. ಓದುಗರು ಗಮನಿಸಿರಬಹುದು: ತಂತಿ ಇಲಾಖೆಯವರ ಹೋಲಿಕೆಯ ಪದ್ಧತಿ ಇದೇ. ‘ಇನ್ನು ಮಳೆಗೆ ಕಾಯೋಣ’ ಎಂದು ಹೇಳಿ ಹೊರಟುಹೋದರು.

ಐದನೆಯ ದಿನ ರಾತ್ರಿ ಗುಡುಗು ಸಹಿತ ಮಳೆಯಾಯಿತು. ಯಂತ್ರ ಬೆಳಗಿನವರೆಗೆ ನಿಲ್ಲದೆ ನಡೆಯಿತು. ಹಳೆಯ ಕೇಬಲ್ಲನ್ನು ಗೋಡೆಯ ಕೊಳವೆಯಿಂದ ಹೊರಕ್ಕೆಳೆದಾಗ ನಡುವೆ ಒಂದು ಗಂಟು ಸಿಕ್ಕಿತು. ಯಂತ್ರವನ್ನು ಕೂಡಿಸುವಾಗ ಉದ್ದ ಸಾಲದೆ ಎರಡು ತುಂಡುಗಳನ್ನು ಹೊಸೆದು ಟೇಪು ಸುತ್ತಿದ್ದರು. ಟೇಪಿನೊಳಗೆ ತಾಮ್ರ ಹಸಿರುಗಟ್ಟಿದ್ದಿತು.

ಈಗ ಗಂಟಿಲ್ಲದ ಒಂದೇ ಕೇಬಲ್ಲು ಅಲ್ಲಿದೆ. ಮೊದಲು ತೆಗೆದುಹಾಕಿದ್ದ ಒಳಗಿನ ಬೋರ್ಡನ್ನು ಮೇಷ್ಟರು ಮೆಕ್ಯಾನಿಕ್ಕಿಗೆ ಕೊಡದೆ ಅಟ್ಟದ ಮೇಲೆ ಇಟ್ಟಿದ್ದರು. ನಮ್ಮ ಕೋರಿಕೆಯ ಮೇರೆಗೆ ಎಲೆಕ್ಟ್ರಿಷಿಯನ್ನರು ಅದನ್ನು ಮತ್ತೆ ಜೋಡಿಸಿ ನೋಡಿದರು. ಯಂತ್ರ ಎಂದಿನಂತೆಯೇ ನಡೆಯಿತು.