ಹಳೆ ಲ್ಯಾಪ್‌ಟಾಪ್ ಬಿಟ್ಟು ಟಚ್‌ಸ್ಕ್ರೀನ್ ಕನ್ವರ್ಟಿಬಲ್ ಕೊಳ್ಳಬೇಕೆ? ಚೆನ್ನೈನಲ್ಲಿ ಖರೀದಿಗೂ ಮುನ್ನ ಇವು ಗೊತ್ತಿರಲಿ

ಚೆನ್ನೈ: ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ನೀಡುತ್ತಿದ್ದ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಏಳೆಂಟು ವರ್ಷದ ಹಳೆ ಲ್ಯಾಪ್‌ಟಾಪ್ ಇಟ್ಟುಕೊಂಡವರಿಗೆ ಅಂದಿನಿಂದ ಒಂದೇ ಪ್ರಶ್ನೆ, ಹೊಸದು ಕೊಳ್ಳುವುದೇ ಆದರೆ ಯಾವುದು? ಅಂಗಡಿಗೆ ಹೋದರೆ ಮೊದಲು ಕಣ್ಣಿಗೆ ಬೀಳುವುದು ಪರದೆಯನ್ನು ಪೂರ್ತಿ ಹಿಂದಕ್ಕೆ ಮಡಚಿ ಟ್ಯಾಬ್ಲೆಟ್‌ನಂತೆ ಬಳಸಬಹುದಾದ ಕನ್ವರ್ಟಿಬಲ್, ಅಂದರೆ ಟೂ-ಇನ್-ಒನ್ ಲ್ಯಾಪ್‌ಟಾಪ್. ನೋಡಲು ಚೆಂದ. ಬೆಲೆ ಮಾತ್ರ ಅದೇ ಪ್ರೊಸೆಸರ್ ಇರುವ ಮಾಮೂಲಿ ಮಾದರಿಗಿಂತ ಸಾವಿರಾರು ರೂಪಾಯಿ ಹೆಚ್ಚು. ಆ ಹೆಚ್ಚುವರಿ ಹಣಕ್ಕೆ ಸಿಗುವುದೇನು ಎಂಬುದು ತಿಳಿಯದೆ ಹಣ ಕೊಟ್ಟರೆ, ಮೂರು ತಿಂಗಳ ನಂತರ ಪರದೆ ಮುಟ್ಟುವವರೇ ಇರುವುದಿಲ್ಲ.

ಹೊಸದು ಬೇಕೇ ಬೇಕೆ?

ಮೊದಲು ಇದನ್ನು ಇತ್ಯರ್ಥ ಮಾಡಿಕೊಳ್ಳಬೇಕು. ವಿಂಡೋಸ್ 11 ನಡೆಯಲು ಟಿಪಿಎಂ 2.0 ಎಂಬ ಭದ್ರತಾ ಚಿಪ್, ಸೆಕ್ಯೂರ್ ಬೂಟ್ ಸೌಲಭ್ಯ, ಕನಿಷ್ಠ 4 ಜಿಬಿ ರ್‍ಯಾಮ್ ಮತ್ತು 64 ಜಿಬಿ ಸಂಗ್ರಹ ಬೇಕು. ಇಂಟೆಲ್ ಆದರೆ ಸಾಮಾನ್ಯವಾಗಿ 8ನೇ ತಲೆಮಾರು ಅಥವಾ ಅದಕ್ಕಿಂತ ಹೊಸ ಪ್ರೊಸೆಸರ್ ಇರಬೇಕು. ಮೈಕ್ರೋಸಾಫ್ಟ್‌ನ ಪಿಸಿ ಹೆಲ್ತ್ ಚೆಕ್ ಎಂಬ ಉಚಿತ ಆ್ಯಪ್ ಹಾಕಿಕೊಂಡರೆ ಹಳೆ ಯಂತ್ರ ಇದಕ್ಕೆ ಅರ್ಹವೇ ಎಂಬುದು ಒಂದೇ ನಿಮಿಷದಲ್ಲಿ ಗೊತ್ತಾಗುತ್ತದೆ. 2018ರ ನಂತರ ಕೊಂಡ ಎಷ್ಟೋ ಲ್ಯಾಪ್‌ಟಾಪ್‌ಗಳು ಅರ್ಹವಾಗಿಯೇ ಇರುತ್ತವೆ. ಅವುಗಳ ನಿಜವಾದ ರೋಗ ಹಳೆ ಹಾರ್ಡ್ ಡಿಸ್ಕ್. ಅದನ್ನು ತೆಗೆದು ಎಸ್‌ಎಸ್‌ಡಿ ಹಾಕಿಸಿದರೆ ಕೆಲವೇ ಸಾವಿರದಲ್ಲಿ ಯಂತ್ರ ಹೊಸದರಂತೆ ಓಡುತ್ತದೆ. ಅರ್ಹವಲ್ಲದ ಯಂತ್ರಗಳಿಗೂ ಭದ್ರತಾ ಅಪ್‌ಡೇಟ್‌ಗಳನ್ನು ಮುಂದುವರಿಸುವ ಯೋಜನೆಯೊಂದನ್ನು ಮೈಕ್ರೋಸಾಫ್ಟ್ ಮನೆ ಬಳಕೆದಾರರಿಗೆ ಕೊಟ್ಟಿತ್ತು. ಅದಕ್ಕೆ ನೋಂದಾಯಿಸಿಕೊಂಡವರಿಗೆ ನಿಗದಿಯಾದ ಗಡುವು 2026ರ ಅಕ್ಟೋಬರ್ 13. ಹಾಗಾಗಿ ಗಾಬರಿಬಿದ್ದು ಕೊಳ್ಳಬೇಕಾದ ಸ್ಥಿತಿ ಎಲ್ಲರದ್ದೂ ಅಲ್ಲ.

ಕನ್ವರ್ಟಿಬಲ್ ಎಂದರೆ ಏನು?

ಮಡಚುವ ಲ್ಯಾಪ್‌ಟಾಪ್ ಹೊಸ ಕಲ್ಪನೆಯೇನಲ್ಲ. 2002ರಲ್ಲಿ ವಿಂಡೋಸ್ ಎಕ್ಸ್‌ಪಿಯ ಟ್ಯಾಬ್ಲೆಟ್ ಆವೃತ್ತಿ ಬಂದಾಗಲೇ ಪರದೆ ತಿರುಗಿಸಿ ಪೆನ್‌ನಲ್ಲಿ ಬರೆಯುವ ಯಂತ್ರಗಳಿದ್ದವು. ದಪ್ಪ, ಭಾರ, ದುಬಾರಿ ಎಂಬ ಕಾರಣಕ್ಕೆ ಅವು ಮನೆಗಳಿಗೆ ಬರಲಿಲ್ಲ. 2012ರಲ್ಲಿ ವಿಂಡೋಸ್ 8 ಜೊತೆಗೆ ಬಂದ ಲೆನೊವೊ ಯೋಗ 360 ಡಿಗ್ರಿ ತಿರುಗುವ ಹಿಂಜ್ ತೋರಿಸಿದ ಮೇಲೆ ಉಳಿದ ಕಂಪನಿಗಳೂ ಅದೇ ದಾರಿ ಹಿಡಿದವು. ಎಚ್‌ಪಿಯಲ್ಲಿ ಎಕ್ಸ್360, ಈಚಿನ ಆಮ್ನಿಬುಕ್ ಫ್ಲಿಪ್, ಡೆಲ್‌ನಲ್ಲಿ ಟೂ-ಇನ್-ಒನ್, ಏಸರ್‌ನಲ್ಲಿ ಸ್ಪಿನ್, ಏಸಸ್‌ನಲ್ಲಿ ಫ್ಲಿಪ್ ಎಂಬ ಹೆಸರುಗಳು ಈ ಬಗೆಯವೇ.

ಇಲ್ಲಿ ಒಂದು ಎಚ್ಚರಿಕೆ. ಯೋಗ ಎಂಬ ಹೆಸರಿದ್ದ ಮಾತ್ರಕ್ಕೆ ಅದು ಮಡಚುತ್ತದೆ ಎಂದುಕೊಳ್ಳಬಾರದು. ಯೋಗ ಸ್ಲಿಮ್ ಮಾದರಿಗಳು ಮಾಮೂಲಿ ಲ್ಯಾಪ್‌ಟಾಪ್‌ಗಳು. ಹಾಗೆಯೇ ಟಚ್‌ಸ್ಕ್ರೀನ್ ಇರುವುದೆಲ್ಲ ಕನ್ವರ್ಟಿಬಲ್ ಅಲ್ಲ. ಮೈಕ್ರೋಸಾಫ್ಟ್ ಸರ್ಫೇಸ್ ಪ್ರೊ ರೀತಿಯಲ್ಲಿ ಕೀಬೋರ್ಡ್ ಕಳಚಿ ಇಡುವವು ಇನ್ನೊಂದು ಜಾತಿ. ಅವು ಕೈಯಲ್ಲಿ ಹಿಡಿಯಲು ಹಗುರ, ಆದರೆ ತೊಡೆಯ ಮೇಲಿಟ್ಟು ಟೈಪ್ ಮಾಡಲು ಕಿರಿಕಿರಿ.

ಯಾರಿಗೆ ಇದು ನಿಜವಾಗಿ ಉಪಯೋಗ?

ಪೆನ್ ಹಿಡಿದು ಬರೆಯುವವರಿಗೆ. ಹೆಚ್ಚುವರಿ ಹಣದ ಸಮರ್ಥನೆ ಬಹುಮಟ್ಟಿಗೆ ಇಲ್ಲಿಗೇ ಬಂದು ನಿಲ್ಲುತ್ತದೆ. ಗಣಿತ, ಭೌತಶಾಸ್ತ್ರದ ಸಮೀಕರಣ ಬಿಡಿಸುವ ವಿದ್ಯಾರ್ಥಿ, ಆನ್‌ಲೈನ್‌ನಲ್ಲಿ ಪಾಠ ಹೇಳುವ ಟೀಚರ್, ಪಿಡಿಎಫ್ ಕರಡು ತಿದ್ದುವವರು, ಚಿತ್ರ ಬರೆಯುವವರು, ಕಟ್ಟಡದ ನಕ್ಷೆಯ ಮೇಲೆ ಗುರುತು ಹಾಕುವವರು, ಇವರಿಗೆ ಕನ್ವರ್ಟಿಬಲ್ ದಿನವೂ ಕೆಲಸಕ್ಕೆ ಬರುತ್ತದೆ. ಪರದೆಯನ್ನು ಡೇರೆಯಂತೆ ನಿಲ್ಲಿಸಿ ಸಿನಿಮಾ ನೋಡುವುದು, ಅಡುಗೆಮನೆಯ ಕಟ್ಟೆಯ ಮೇಲಿಟ್ಟು ರೆಸಿಪಿ ಓದುವುದು, ಮೈಸೂರು-ಚೆನ್ನೈ ವಂದೇ ಭಾರತ್ ರೈಲಿನ ಪುಟ್ಟ ಟ್ರೇ ಮೇಲೆ ಜಾಗ ಉಳಿಸುವುದು ಇವೆಲ್ಲ ಸಂತೋಷದ ವಿಷಯವೇ. ಆದರೆ ಅಷ್ಟಕ್ಕಾಗಿಯೇ ಸಾವಿರಾರು ರೂಪಾಯಿ ಹೆಚ್ಚು ಕೊಡುವುದು ಕಷ್ಟ.

ದಿನವಿಡೀ ಎಕ್ಸೆಲ್, ಇಮೇಲ್, ವಿಡಿಯೊ ಮೀಟಿಂಗ್ ಎಂದು ಕೂರುವ ಓಎಂಆರ್‌ನ ಐಟಿ ಉದ್ಯೋಗಿಗೆ ಅದೇ ಹಣವನ್ನು 16 ಜಿಬಿ ರ್‍ಯಾಮ್, 512 ಜಿಬಿ ಎಸ್‌ಎಸ್‌ಡಿ, ಹೆಚ್ಚುವರಿ ವಾರಂಟಿಗೆ ಹಾಕುವುದೇ ಜಾಣತನ. ಇನ್ನು ಟ್ಯಾಬ್ಲೆಟ್ ಬದಲು ಇದೊಂದೇ ಸಾಕು ಎಂದುಕೊಳ್ಳುವವರು ತೂಕವನ್ನು ನೆನಪಿಡಬೇಕು. 14 ಇಂಚಿನ ಕನ್ವರ್ಟಿಬಲ್ ಸುಮಾರು ಒಂದೂವರೆ ಕಿಲೋ ತೂಗುತ್ತದೆ, 11 ಇಂಚಿನ ಟ್ಯಾಬ್ಲೆಟ್ ಅರ್ಧ ಕಿಲೋ ಆಸುಪಾಸು. ಮಲಗಿಕೊಂಡು ಒಂದೇ ಕೈಯಲ್ಲಿ ಹಿಡಿದು ಓದುತ್ತೇವೆ ಎಂಬ ಆಸೆ ಮೊದಲ ರಾತ್ರಿಯೇ ಮುಗಿಯುತ್ತದೆ.

ಪೆನ್ ವಿಷಯದಲ್ಲೇ ಹೆಚ್ಚಿನವರು ಎಡವುವುದು

ಕೆಲವು ಮಾದರಿಗಳ ಪೆಟ್ಟಿಗೆಯಲ್ಲಿ ಪೆನ್ ಇರುತ್ತದೆ, ಕೆಲವಕ್ಕೆ ಪ್ರತ್ಯೇಕವಾಗಿ ಕೊಳ್ಳಬೇಕು. ಬಿಲ್ ಮಾಡಿಸುವ ಮೊದಲೇ ಕೇಳಬೇಕಾದ ಪ್ರಶ್ನೆ ಇದು. ಜೊತೆಗೆ, ಒಂದರ ಪೆನ್ ಇನ್ನೊಂದಕ್ಕೆ ಆಗುವುದಿಲ್ಲ. ಮೈಕ್ರೋಸಾಫ್ಟ್ ಪೆನ್ ಪ್ರೋಟೋಕಾಲ್, ವೇಕಾಂ ಎಇಎಸ್, ಕ್ರೋಮ್‌ಬುಕ್‌ಗಳ ಯುಎಸ್‌ಐ ಎಂದು ಬೇರೆ ಬೇರೆ ಪದ್ಧತಿಗಳಿವೆ. ರಸ್ತೆ ಬದಿ ಸಿಗುವ ರಬ್ಬರ್ ತುದಿಯ ಅಗ್ಗದ ಪೆನ್ ಯಾವುದೇ ಟಚ್‌ಸ್ಕ್ರೀನ್ ಮೇಲೆ ನಡೆಯುತ್ತದೆ ನಿಜ, ಆದರೆ ಅದಕ್ಕೆ ಒತ್ತಡದ ಅರಿವಿಲ್ಲ. ಬರೆಯುವಾಗ ಪರದೆಗೆ ತಾಗುವ ಅಂಗೈಯನ್ನೂ ಯಂತ್ರ ಬೆರಳೆಂದೇ ತಿಳಿಯುತ್ತದೆ. ಅದರಲ್ಲಿ ಟಿಪ್ಪಣಿ ಬರೆಯುವುದು ಆಗದ ಮಾತು.

ಅಂಗಡಿಯಲ್ಲಿ ಡೆಮೊ ಯಂತ್ರ ಇದ್ದರೆ ಕನ್ನಡದಲ್ಲೇ ನಾಲ್ಕು ಸಾಲು ಬರೆದು ನೋಡಬೇಕು. ಒತ್ತು, ದೀರ್ಘ, ಸುತ್ತು ತುಂಬಿದ ನಮ್ಮ ಲಿಪಿ ಪೆನ್‌ನ ವೇಗವನ್ನು ಇಂಗ್ಲಿಷ್‌ಗಿಂತ ಚೆನ್ನಾಗಿ ಪರೀಕ್ಷಿಸುತ್ತದೆ. ಗೆರೆ ಪೆನ್‌ನ ಹಿಂದೆ ಎಳೆದುಕೊಂಡು ಬಂದಂತೆ ಕಂಡರೆ ಆ ಯಂತ್ರ ಬೇಡ. ಅಂದಹಾಗೆ, ಟೈಪ್ ಮಾಡುವವರಿಗೆ ಬೇರೆ ತಂತ್ರಾಂಶ ಹಾಕಲೇಬೇಕೆಂದಿಲ್ಲ. ಇಂಗ್ಲಿಷ್ ಅಕ್ಷರ ಒತ್ತಿ ಕನ್ನಡ ಮೂಡಿಸುವ ಫೊನೆಟಿಕ್ ಕೀಬೋರ್ಡ್ 2019ರ ಮೇ ಅಪ್‌ಡೇಟ್‌ನಿಂದ ವಿಂಡೋಸ್‌ನಲ್ಲೇ ಇದೆ. ಸೆಟ್ಟಿಂಗ್ಸ್‌ನ ಭಾಷೆಯ ವಿಭಾಗದಲ್ಲಿ ಕನ್ನಡ ಸೇರಿಸಿ, ಅದರ ಆಯ್ಕೆಗಳಲ್ಲಿ ಫೊನೆಟಿಕ್ ಕೀಬೋರ್ಡ್ ಸೇರಿಸಿಕೊಂಡರೆ ಸಾಕು.

ಹಿಂಜ್, ಪರದೆ, ರ್‍ಯಾಮ್

ಕನ್ವರ್ಟಿಬಲ್‌ನ ಪ್ರಾಣ ಇರುವುದು ಹಿಂಜ್‌ನಲ್ಲಿ. ನೇರ ಇಟ್ಟುಕೊಂಡು ಪರದೆಯ ಮೇಲ್ಭಾಗವನ್ನು ಬೆರಳಲ್ಲಿ ತಟ್ಟಿ ನೋಡಿ. ಒಮ್ಮೆ ಅಲುಗಿ ನಿಂತರೆ ಸರಿ, ತೂಗುಯ್ಯಾಲೆಯಾದರೆ ಟಚ್ ಬಳಕೆಯೇ ಹಿಂಸೆ. ಪೂರ್ತಿ ಮಡಚಿದಾಗ ಎರಡು ಅಂಚುಗಳೂ ಸಮವಾಗಿ ಕೂರಬೇಕು, ಕೀಲಿಗಳು ತಾವಾಗಿ ಕೆಲಸ ನಿಲ್ಲಿಸಬೇಕು. ಮನೆಯಲ್ಲಿ ಪರದೆಯ ಒಂದು ಮೂಲೆ ಹಿಡಿದು ಎಳೆಯುವ ಅಭ್ಯಾಸ ಇದ್ದರೆ ಹಿಂಜ್ ಬೇಗ ಹಾಳಾಗುತ್ತದೆ. ಮಧ್ಯದಲ್ಲಿ ಹಿಡಿದು ತೆರೆಯುವುದನ್ನು ಮಕ್ಕಳಿಗೆ ಮೊದಲ ದಿನವೇ ಹೇಳಿಕೊಡುವುದು ಒಳ್ಳೆಯದು.

ಟಚ್ ಪರದೆಗಳಲ್ಲಿ ಹೆಚ್ಚಿನವು ಗಾಜಿನ ಹೊಳಪಿನವು. ಚೆನ್ನೈನ ಬಿಸಿಲಿಗೆ ಕಿಟಕಿ ಪಕ್ಕ ಕೂತರೆ ಪರದೆಯಲ್ಲಿ ಕಾಣುವುದು ಸ್ವಂತ ಮುಖವೇ. ಹೊಳಪು 300 ನಿಟ್ಸ್ ಇದ್ದರೆ ಕೋಣೆಯೊಳಗೆ ಸಾಕು, ಬಾಲ್ಕನಿಯಲ್ಲಿ ಕೆಲಸ ಮಾಡುವವರು 400 ಅಥವಾ ಅದಕ್ಕೂ ಹೆಚ್ಚಿನದನ್ನು ನೋಡಬೇಕು.

ಇನ್ನು ರ್‍ಯಾಮ್. ತೆಳ್ಳಗಿನ ಕನ್ವರ್ಟಿಬಲ್‌ಗಳಲ್ಲಿ ಬಹುಪಾಲು ಅದನ್ನು ಬೋರ್ಡ್‌ಗೇ ಬೆಸೆದಿರುತ್ತಾರೆ. ಈಗ 8 ಜಿಬಿ ತಗೊಂಡು ಮುಂದೆ ಹೆಚ್ಚಿಸೋಣ ಎನ್ನುವ ಹಳೆಯ ಲೆಕ್ಕ ಇಲ್ಲಿ ನಡೆಯದು. ಎಐ ಡೇಟಾ ಸೆಂಟರ್‌ಗಳ ಬೇಡಿಕೆಯಿಂದ 2025ರ ಕೊನೆಯಲ್ಲಿ ಮೆಮೊರಿ ಚಿಪ್‌ಗಳ ಬೆಲೆ ಏರಿದ್ದರಿಂದ ಈ ಆಯ್ಕೆ ಇನ್ನಷ್ಟು ದುಬಾರಿಯಾಗಿದೆ. ಆದರೂ ಐದು ವರ್ಷ ಬಳಸುವ ಉದ್ದೇಶವಿದ್ದರೆ 16 ಜಿಬಿಗಿಂತ ಕಡಿಮೆ ಕೊಳ್ಳದಿರುವುದೇ ಲೇಸು.

ಚೆನ್ನೈನಲ್ಲಿ ಎಲ್ಲಿ ಕೊಳ್ಳುವುದು?

ಬೆಂಗಳೂರಿಗರಿಗೆ ಎಸ್‌ಪಿ ರೋಡ್ ಹೇಗೋ ಚೆನ್ನೈಗೆ ರಿಚ್ಚಿ ಸ್ಟ್ರೀಟ್ ಹಾಗೆ. ಅಣ್ಣಾ ಸಾಲೈ ಪಕ್ಕದ ಈ ಇಕ್ಕಟ್ಟಿನ ಓಣಿಗಳಿಗೆ ಗವರ್ನಮೆಂಟ್ ಎಸ್ಟೇಟ್ ಮೆಟ್ರೊ ನಿಲ್ದಾಣದಿಂದ ನಡೆದೇ ಹೋಗಬಹುದು. ಗಾಡಿ ನಿಲ್ಲಿಸಲು ಜಾಗ ಹುಡುಕುವುದಕ್ಕಿಂತ ಅದೇ ಸುಲಭ. ಎಸ್‌ಎಸ್‌ಡಿ, ಬ್ಯಾಟರಿ, ಚಾರ್ಜರ್, ಹಳೆ ಯಂತ್ರದ ರಿಪೇರಿಗೆ ಇದಕ್ಕಿಂತ ಒಳ್ಳೆಯ ಜಾಗವಿಲ್ಲ. ಆದರೆ ಹೊಸ ಕನ್ವರ್ಟಿಬಲ್ ಕೊಳ್ಳುವಾಗ ಇಲ್ಲಿ ಚೌಕಾಸಿಗಿಂತ ಬಿಲ್ ಮುಖ್ಯ. ಲ್ಯಾಪ್‌ಟಾಪ್ ಮೇಲೆ ಜಿಎಸ್‌ಟಿ ಶೇ 18. ಬಿಲ್ ಇಲ್ಲದಿದ್ದರೆ ಇಷ್ಟು ಕಡಿಮೆ ಎಂಬ ಮಾತಿಗೆ ಒಪ್ಪಿದರೆ ಮುಂದೆ ವಾರಂಟಿ ಕೇಳಲು ಕೈಯಲ್ಲಿ ದಾಖಲೆ ಇರುವುದಿಲ್ಲ. ಪೆಟ್ಟಿಗೆ, ಯಂತ್ರದ ತಳಭಾಗ, ಬಿಲ್ ಮೂರರಲ್ಲೂ ಸೀರಿಯಲ್ ನಂಬರ್ ಒಂದೇ ಇರಬೇಕು. ಆ ನಂಬರನ್ನು ಕಂಪನಿಯ ವೆಬ್‌ಸೈಟ್‌ನಲ್ಲಿ ಹಾಕಿ ವಾರಂಟಿ ಯಾವಾಗ ಶುರುವಾಗಿದೆ ಎಂದು ಅಂಗಡಿಯಲ್ಲೇ ನೋಡಿಕೊಳ್ಳಬಹುದು. ಸ್ವಂತ ವ್ಯವಹಾರ ಇರುವವರು ತಮ್ಮ ಜಿಎಸ್‌ಟಿ ನಂಬರ್ ಬಿಲ್‌ನಲ್ಲಿ ಬರೆಸಿಕೊಳ್ಳುವುದನ್ನು ಮರೆಯಬಾರದು.

ದೊಡ್ಡ ಶೋರೂಂಗಳಲ್ಲಿ ಆಡಿ ತಿಂಗಳ ರಿಯಾಯಿತಿ, ಅಂದರೆ ಜುಲೈ ಮಧ್ಯದಿಂದ ಆಗಸ್ಟ್ ಮಧ್ಯದವರೆಗಿನ ಮಾರಾಟ, ಬಟ್ಟೆಗಷ್ಟೇ ಸೀಮಿತವಲ್ಲ. ಕಾಲೇಜು ಶುರುವಾಗುವ ಸಮಯಕ್ಕೂ ಅದು ಹೊಂದಿಕೊಳ್ಳುತ್ತದೆ. ಚೆನ್ನೈ ಸುತ್ತಮುತ್ತಲೇ ಲ್ಯಾಪ್‌ಟಾಪ್ ತಯಾರಿಕೆ ನಡೆಯುವುದೂ ಗಮನಾರ್ಹ. ಡೆಲ್‌ನ ಕಾರ್ಖಾನೆ ಶ್ರೀಪೆರಂಬದೂರಿನಲ್ಲಿದೆ, ಎಚ್‌ಪಿ ಯಂತ್ರಗಳು ಅಲ್ಲಿನ ಫ್ಲೆಕ್ಸ್ ಘಟಕದಲ್ಲಿ ಜೋಡಣೆಯಾಗುತ್ತವೆ. ಹತ್ತಿರದಲ್ಲೇ ತಯಾರಾಗುತ್ತದೆಂದು ಬೆಲೆಯೇನೂ ಇಳಿಯುವುದಿಲ್ಲ ಅನ್ನುವುದು ಬೇರೆ ಮಾತು.

ಉಪ್ಪು ಗಾಳಿ, ಸೆಕೆ, ಮಳೆ

ಕೊಂಡ ಮೇಲಿನ ಜೋಪಾನಕ್ಕೆ ಈ ಊರಲ್ಲಿ ಹೆಚ್ಚು ಗಮನ ಬೇಕು. ಹಲವು ಲ್ಯಾಪ್‌ಟಾಪ್‌ಗಳನ್ನು 35 ಡಿಗ್ರಿ ಸೆಲ್ಸಿಯಸ್‌ವರೆಗಿನ ವಾತಾವರಣಕ್ಕೆಂದು ರೂಪಿಸಿರುತ್ತಾರೆ, ಮೇ ತಿಂಗಳ ಚೆನ್ನೈ 40 ಮುಟ್ಟುತ್ತದೆ. ನಿಲ್ಲಿಸಿದ ಕಾರಿನಲ್ಲಿ ಬಿಟ್ಟುಹೋದರೆ ಬ್ಯಾಟರಿಯ ಆಯಸ್ಸು ಕರಗುತ್ತದೆ. ಕೀಬೋರ್ಡ್ ಕೆಳಮುಖವಾಗಿ ಇಟ್ಟು ಬಳಸುವಾಗ ಹಾಸಿಗೆ, ದಿಂಬಿನ ಮೇಲೆ ಇಡಬಾರದು. ಬೆಸೆಂಟ್ ನಗರ, ತಿರುವಾನ್ಮಿಯೂರಿನಂತೆ ಕಡಲಿಗೆ ಅಂಟಿಕೊಂಡ ಬಡಾವಣೆಗಳಲ್ಲಿ ಉಪ್ಪು ಗಾಳಿ ಲೋಹದ ಪೋರ್ಟ್‌ಗಳಿಗೆ ತುಕ್ಕು ಹಿಡಿಸುತ್ತದೆ. ಬಳಸದಿದ್ದಾಗ ಚೀಲದೊಳಗೆ ಇಡುವುದು ಸಣ್ಣ ಕೆಲಸವಾದರೂ ಫಲ ದೊಡ್ಡದು.

2015ರ ಡಿಸೆಂಬರ್ ಪ್ರವಾಹ, 2023ರ ಡಿಸೆಂಬರ್‌ನ ಮಿಚಾಂಗ್ ಚಂಡಮಾರುತ ಎರಡನ್ನೂ ಕಂಡ ನಗರವಿದು. ಸಾಮಾನ್ಯ ವಾರಂಟಿ ನೀರಿನಿಂದಾದ ಹಾನಿಗೆ ಅನ್ವಯಿಸುವುದಿಲ್ಲ. ಅದಕ್ಕೆ ಆಕ್ಸಿಡೆಂಟಲ್ ಡ್ಯಾಮೇಜ್ ರಕ್ಷಣೆ ಪ್ರತ್ಯೇಕವಾಗಿ ಕೊಳ್ಳಬೇಕು. ಕನ್ವರ್ಟಿಬಲ್‌ಗೆ ಇದು ಇನ್ನಷ್ಟು ಅಗತ್ಯ, ಯಾಕೆಂದರೆ ಗಾಜು ಮತ್ತು ಟಚ್ ಪದರ ಒಂದಾಗಿರುವುದರಿಂದ ಒಡೆದರೆ ಪೂರ್ತಿ ಪರದೆಯನ್ನೇ ಬದಲಿಸಬೇಕಾಗುತ್ತದೆ. ಆ ರಕ್ಷಣೆಯಲ್ಲಿ ಪ್ರವಾಹದಂಥ ಪ್ರಕೃತಿ ವಿಕೋಪ ಸೇರಿದೆಯೇ ಎಂಬುದನ್ನು ಷರತ್ತುಗಳಲ್ಲಿ ಓದಿಯೇ ಹಣ ಕಟ್ಟಬೇಕು.

ಹೆಚ್ಚಿನವರಿಗೆ ಗೊತ್ತಿರದ ಇನ್ನೊಂದು ವಿಷಯ ಇದೆ. ಹೊಸ ವಿಂಡೋಸ್ 11 ಯಂತ್ರಕ್ಕೆ ಮೈಕ್ರೋಸಾಫ್ಟ್ ಖಾತೆಯಿಂದ ಪ್ರವೇಶಿಸಿದಾಗ ಡಿಸ್ಕ್ ತಾನಾಗಿಯೇ ಎನ್‌ಕ್ರಿಪ್ಟ್ ಆಗುವುದುಂಟು. ಮುಂದೆ ಮದರ್‌ಬೋರ್ಡ್ ಬದಲಿಸಿದರೆ ಯಂತ್ರ 48 ಅಂಕಿಗಳ ಬಿಟ್‌ಲಾಕರ್ ರಿಕವರಿ ಕೀ ಕೇಳುತ್ತದೆ. ಅದು ಇಲ್ಲದಿದ್ದರೆ ಫೋಟೊ, ದಾಖಲೆ ಯಾವುದೂ ವಾಪಸ್ ಬರುವುದಿಲ್ಲ. ಆ ಕೀ ಸಾಮಾನ್ಯವಾಗಿ ಅದೇ ಖಾತೆಯಲ್ಲಿ ಉಳಿದಿರುತ್ತದೆ. ಅಂಗಡಿಯವರು ತಮ್ಮದೇ ಇಮೇಲ್‌ನಿಂದ ಸೆಟಪ್ ಮಾಡಿಕೊಡಲು ಮುಂದಾದರೆ ಬೇಡವೆಂದು ಹೇಳಿ, ಸ್ವಂತ ಖಾತೆ ಬಳಸಿ, ಕೀಯನ್ನು ಕಾಗದದ ಮೇಲೂ ಬರೆದಿಡಬೇಕು.

ಹಳೆಯದನ್ನು ಏನು ಮಾಡುವುದು?

ಎಕ್ಸ್‌ಚೇಂಜ್‌ಗೆ ಕೊಡುವ ಮೊದಲು ಫೈಲ್‌ಗಳನ್ನು ಹೊರಗಿನ ಡಿಸ್ಕ್‌ಗೆ ನಕಲು ಮಾಡಿಕೊಂಡು, ವಿಂಡೋಸ್‌ನ ರೀಸೆಟ್ ಆಯ್ಕೆಯಲ್ಲಿ ಎಲ್ಲವನ್ನೂ ಅಳಿಸುವುದರ ಜೊತೆಗೆ ಡ್ರೈವ್ ಕ್ಲೀನ್ ಮಾಡುವುದನ್ನೂ ಆರಿಸಬೇಕು. ಬರೀ ಡಿಲೀಟ್ ಮಾಡಿದ ಫೈಲ್‌ಗಳನ್ನು ಮರಳಿ ಪಡೆಯುವುದು ಕಷ್ಟವೇನಲ್ಲ. ಪೂರ್ತಿ ಕೆಟ್ಟಿದ್ದರೆ ಗುಜರಿಗೆ ಹಾಕುವುದು ಬೇಡ. 2023ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಇ-ತ್ಯಾಜ್ಯ ನಿಯಮಗಳ ಪ್ರಕಾರ ಇವು ನೋಂದಾಯಿತ ಮರುಬಳಕೆದಾರರಿಗೆ ಸೇರಬೇಕು. ಬ್ಯಾಟರಿ ಉಬ್ಬಿರುವ ಯಂತ್ರವಾದರೆ ಚಾರ್ಜ್‌ಗೆ ಹಾಕಬಾರದು, ಒತ್ತಿ ಮುಚ್ಚಲೂಬಾರದು. ಎಷ್ಟು ಹಣ ಸಿಗುತ್ತದೆಂದು ಕಾಯದೆ ಅದನ್ನು ಸರ್ವಿಸ್ ಸೆಂಟರ್‌ಗೆ ಒಯ್ದು ಕೊಡುವುದೇ ಸರಿ.